ಪೇಟೆಯ ಇಳಿತವೂ ಕೊಪ್ಪಳ ನಾಡಿನ ಉಳಿತಾಯವೂ

ಶೇರುಪೇಟೆಯು ಏಕೆ ಕುಸಿಯುತ್ತದೆ ಎಂಬ ಪ್ರಶ್ನೆಯನ್ನು ವಿದ್ವಾಂಸರು ಒಂದೂವರೆ ಶತಮಾನದಿಂದ ವಿಚಾರಿಸುತ್ತ ಬಂದಿರುವರಾದರೂ, ಅದು ಕುಸಿದಾಗ ಅಲ್ಪ ಉಳಿತಾಯದ ಗೃಹಸ್ಥನು ಏನು ಮಾಡುತ್ತಾನೆ, ಹಾಗೇಕೆ ಮಾಡುತ್ತಾನೆ ಎಂಬ ಎರಡನೆಯ ಪ್ರಶ್ನೆಗೆ ಅರ್ಥಶಾಸ್ತ್ರದಲ್ಲಿ ಮಣೆ ದೊರೆತುದು ಬಹಳ ತಡವಾಗಿ; ದೊರೆತ ಮೇಲೂ ಅದಕ್ಕೆ ಉತ್ತರವನ್ನು ಹುಡುಕಿದುದು ಹೆಚ್ಚಾಗಿ ಅವನ ಮನಸ್ಸಿನಲ್ಲಿಯೇ ಹೊರತು ಅವನ ಕಣಜದಲ್ಲಿ ಅಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳನ್ನು 1997ರಲ್ಲಿ ರಾಯಚೂರಿನಿಂದ ಬೇರ್ಪಡಿಸಿ ರಚಿಸಿದ ಜಿಲ್ಲೆಯು ಈ ಎರಡನೆಯ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ತಕ್ಕ ನೆಲವೆಂದು ನನಗೆ ತೋರುತ್ತದೆ. ಒಂದು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ವರ್ಷಕ್ಕೆರಡು ಬಾರಿ ಬತ್ತ ಬೆಳೆಯುವ ಗಂಗಾವತಿ. ಮತ್ತೊಂದು ಕಡೆ ಮುಗಿಲನ್ನೇ ನಂಬಿದ ಎರೆ ಮತ್ತು ಮಸಾರಿ ಹೊಲಗಳ ಯಲಬುರ್ಗಾ, ಕುಷ್ಟಗಿ. ನಡುವೆ ಬೇವಿನಹಳ್ಳಿ, ಗಿಣಿಗೇರಿಗಳ ಬೀಡುಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳು. ಕಿರ್ಲೋಸ್ಕರ್ ಫೆರಸ್, ಕಲ್ಯಾಣಿ ಸ್ಟೀಲ್ಸ್ ಮೊದಲಾದ ಕಂಪನಿಗಳ ಶೇರುಗಳು ಮುಂಬಯಿಯಲ್ಲಿ ದಿನವೂ ಕೈಬದಲಾಗುತ್ತಿದ್ದರೂ, ಇಲ್ಲಿಯ ಪಾಳಿಗೆ ಹೋಗುವ ಕಾರ್ಮಿಕನಿಗೆ ತಾನು ಕರಗಿಸುವ ಕಬ್ಬಿಣಕ್ಕೆ ಅಲ್ಲಿ ಕ್ಷಣಕ್ಷಣಕ್ಕೂ ಬೇರೆ ಬೆಲೆ ಕಟ್ಟಲಾಗುತ್ತಿದೆ ಎಂಬುದನ್ನು ನೋಡುವ ಪ್ರಸಂಗವು ಕೈಗೆ ಮೊಬೈಲು ಬರುವ ವರೆಗೆ ಹೆಚ್ಚಾಗಿ ಒದಗಿರಲಿಲ್ಲ.

ಇಳಿತದ ಮೊದಲ ಪಾಠವನ್ನು ಈ ದೇಶಕ್ಕೆ ಕಲಿಸಿದುದು ಅರಳೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧವು ಮೊದಲಾಗಿ, ಅಲ್ಲಿಯ ಬಂದರುಗಳು ಮುಚ್ಚಿ, ಲ್ಯಾಂಕಾಶೈರಿನ ಗಿರಣಿಗಳು ಹಿಂದೂಸ್ಥಾನದ ಕಡೆ ಮುಖ ತಿರುಗಿಸಿದಾಗ, ಧಾರವಾಡ ಸೀಮೆಯ ಎರೆಹೊಲಗಳ ಅರಳೆಯು ಚಕ್ಕಡಿಗಳ ಮೇಲೆ ಘಟ್ಟವಿಳಿದು, ಕುಮಟೆಯ ಬಂದರಿನಿಂದ ಮುಂಬಯಿಗೆ ಸಾಗಿತು. ಆ ಹಣದ ಮಹಾಪೂರದಲ್ಲಿ ಪ್ರೇಮಚಂದ ರಾಯಚಂದನಂಥ ದಲಾಲರು ಸಮುದ್ರವನ್ನು ತುಂಬಿ ನೆಲ ಮಾಡುವ ಕಂಪನಿಗಳ ಶೇರುಗಳನ್ನು ಆಕಾಶಕ್ಕೇರಿಸಿದರು. ಬ್ಯಾಂಕ್ ಆಫ್ ಬಾಂಬೆಯು ಶೇರುಗಳನ್ನೇ ಒತ್ತೆಯಾಗಿ ಹಿಡಿದು ಸಾಲ ಕೊಟ್ಟಿತು. ಆ ಸಾಲದಿಂದ ಮತ್ತೆ ಶೇರುಗಳೇ ಕೊಳ್ಳಲ್ಪಟ್ಟುವು. 1865ರ ವಸಂತದಲ್ಲಿ ಯುದ್ಧ ಮುಗಿದ ವಾರ್ತೆ ಬಂದೊಡನೆ ಅರಳೆಯ ಧಾರಣೆ ಬಿದ್ದಿತು. ಅರಳೆಯೊಡನೆ ಒತ್ತೆ ಬಿದ್ದಿತು. ಒತ್ತೆಯೊಡನೆ ಸಾಲಗಾರನೂ, ಸಾಲಗಾರನೊಡನೆ ಬ್ಯಾಂಕೂ ಬಿದ್ದುವು. 2,850 ರೂಪಾಯಿಗೆ ಏರಿದ್ದ ಆ ಬ್ಯಾಂಕಿನ ಶೇರು 87 ರೂಪಾಯಿಗೆ ಇಳಿಯಿತೆಂದು ಪೇಟೆಯ ಇತಿಹಾಸವು ಹೇಳುತ್ತದೆ. ಮುಂದೆ 1875ರಲ್ಲಿ ಮುಂಬಯಿಯ ದಲಾಲರು ಸಂಘ ಕಟ್ಟಿಕೊಂಡರು. ಅದೇ ಇಂದಿನ ಬಿ.ಎಸ್.ಇ. ಯುದ್ಧದ ಅಂತ್ಯವು ಇಲ್ಲಿ ನಿಮಿತ್ತಮಾತ್ರ, ಕಾರಣವು ಸಾಲ ಎಂಬ ಅಂಶವನ್ನು ಪಂಡಿತರು ಕ್ರಮಬದ್ಧವಾಗಿ ಬರೆಯುವುದಕ್ಕೆ ಮತ್ತೆ ನೂರು ವರ್ಷ ಹಿಡಿಯಿತು.

ಆ ಕಾಲದಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳು ನಿಜಾಮನ ಆಳ್ವಿಕೆಗೆ ಒಳಪಟ್ಟಿದ್ದುವು. ಕೊಪ್ಪಳವಂತೂ ಅವನ ದಿವಾನ ಸಾಲಾರ್ ಜಂಗನ ಜಹಗೀರು. ಇಲ್ಲಿಯ ಉಳಿತಾಯವು ಶೇರಿನ ಕಾಗದವನ್ನು ಕಂಡಿರಲಿಲ್ಲ. ಅದು ಹಗೇವಿನ ಜೋಳದಲ್ಲಿ, ಕೊರಳ ಬಂಗಾರದಲ್ಲಿ, ಕೊಟ್ಟಿಗೆಯ ದನದಲ್ಲಿ, ಇವೆಲ್ಲ ಮೀರಿದಾಗ ಹೊಲದಲ್ಲಿ ನೆಲೆಸಿತ್ತು. ಇವು ಇಳಿತವನ್ನು ಅರಿಯದ ಸ್ವತ್ತುಗಳೆಂದು ಭಾವಿಸುವುದು ಪಟ್ಟಣಿಗರ ಭ್ರಮೆ. ಬರಗಾಲದಲ್ಲಿ ಊರಿನವರೆಲ್ಲ ಒಂದೇ ಸಂತೆಗೆ ಎತ್ತು ಹೊಡೆದುಕೊಂಡು ಬಂದಾಗ ಎತ್ತಿನ ಬೆಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಯಲಬುರ್ಗಾದ ಒಕ್ಕಲಿಗನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕೊಳ್ಳುವವನಿಲ್ಲದೆ ಮಾರುವವರಷ್ಟೇ ಕೂಡಿದ ಸ್ಥಳದಲ್ಲಿ ಬೆಲೆಯೆಂಬುದು ಇರುವುದಿಲ್ಲ. ಈ ತತ್ತ್ವದ ಮಟ್ಟಿಗೆ ದನದ ಸಂತೆಗೂ ದಲಾಲ್ ಸ್ಟ್ರೀಟಿಗೂ ಭೇದವಿಲ್ಲ. ಹಣದ ಮೌಲ್ಯವೇ ಎರಡು ಬಗೆಯಾಗಿರಬಲ್ಲದು ಎಂಬುದನ್ನೂ ಈ ಜನ ಕಂಡಿದ್ದರು. ನಿಜಾಮನ ಏಳು ಹಾಲಿ ಸಿಕ್ಕಾ ರೂಪಾಯಿಗೆ ಬ್ರಿಟಿಷರ ಆರು ಕಲದಾರ ರೂಪಾಯಿ ಎಂಬ ಲೆಕ್ಕದಲ್ಲಿ ವ್ಯವಹರಿಸಿದವರು ಅವರು. ನೆರೆಯ ಗದುಗಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದುದು ಬ್ರಿಟಿಷ್ ಸೀಮೆಯಲ್ಲಿ. ಹೈದರಾಬಾದಿನಲ್ಲಿ 1943ರಲ್ಲಿ ಶೇರು ವಿನಿಮಯ ಕೇಂದ್ರವು ಹುಟ್ಟಿದುದು ರಾಜಧಾನಿಯ ಧನಿಕರಿಗಾಗಿ. ಕೊಪ್ಪಳವು ಈ ಎರಡರ ನಡುವೆ ಉಳಿಯಿತು.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ತರುವಾಯ ಸ್ಥಿತಿ ಬದಲಾಯಿತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು, ಅಕ್ಕಿ ಗಿರಣಿಗಳು, ಗಂಜಿನ ದಲಾಲಿ ಅಂಗಡಿಗಳು ಗಂಗಾವತಿಯಲ್ಲಿ ಬೆಳೆದುವು. ರಾಶಿ ಮುಗಿದ ಮೇಲೆ ಕೈಯಲ್ಲಿ ಮಿಗುವ ನಗದು ಎಂಬುದೊಂದು ಮೊದಲ ಬಾರಿಗೆ ಕಂಡಿತು. ಆ ನಗದು ಬಹುಕಾಲ ದಲಾಲಿ ಅಂಗಡಿಯ ಖಾತೆಯಲ್ಲಿಯೇ ಬಡ್ಡಿಗೆ ನಿಲ್ಲುತ್ತಿತ್ತು. 1976ರಲ್ಲಿ ಬಳ್ಳಾರಿಯಲ್ಲಿ ಸ್ಥಾಪಿತವಾದ ತುಂಗಭದ್ರಾ ಗ್ರಾಮೀಣ ಬ್ಯಾಂಕು, ಅಂಚೆಯ ಆರ್.ಡಿ., ಎಲ್.ಐ.ಸಿ.ಯ ಪಾಲಿಸಿ ಇವು ಒಂದೊಂದಾಗಿ ಅದರ ಪಾಲನ್ನು ಪಡೆದುವು.

ಇತ್ತ ಶಾಸ್ತ್ರವು ಬೇರೊಂದು ದಾರಿಯಲ್ಲಿ ನಡೆದಿತ್ತು. ಫ್ರಾನ್ಸಿನ ಲೂಯಿ ಬಾಶೆಲಿಯೇ 1900ರಲ್ಲಿಯೇ ಬೆಲೆಗಳ ಗತಿಯನ್ನು ಯಾದೃಚ್ಛಿಕ ಚಲನೆಯ ಗಣಿತದಿಂದ ವಿವರಿಸಲು ಯತ್ನಿಸಿದನು. 1929ರ ಮಹಾಪತನದ ನೆರಳಿನಲ್ಲಿ ಬರೆದ ಕೇನ್ಸನು 1936ರಲ್ಲಿ, ಹೂಡಿಕೆದಾರನು ಕಂಪನಿಯ ಯೋಗ್ಯತೆಯನ್ನಲ್ಲ, ಇತರರು ಆ ಯೋಗ್ಯತೆಯನ್ನು ಹೇಗೆ ಭಾವಿಸುವರೆಂಬುದನ್ನು ಊಹಿಸುತ್ತಾನೆ ಎಂದನು. 1970ರಲ್ಲಿ ಯೂಜೀನ್ ಫಾಮಾ ಇದಕ್ಕೆ ವಿರುದ್ಧವಾಗಿ, ಲಭ್ಯವಾದ ಸಮಸ್ತ ಮಾಹಿತಿಯೂ ಬೆಲೆಯೊಳಗೆ ಸೇರಿಯೇ ಇರುತ್ತದೆ, ಆದುದರಿಂದ ಇಳಿತವೆಂದರೆ ಹೊಸ ಸಮಾಚಾರದ ಫಲವಷ್ಟೇ ಎಂಬ ವಾದವನ್ನು ಪ್ರತಿಷ್ಠಾಪಿಸಿದನು. ಆದರೆ 1987ರ ಅಕ್ಟೋಬರ್ 19ರಂದು ನ್ಯೂಯಾರ್ಕಿನ ಸೂಚ್ಯಂಕವು ಒಂದೇ ದಿನದಲ್ಲಿ ಶೇಕಡ 22.6ರಷ್ಟು ಬಿದ್ದಾಗ, ಅಷ್ಟು ದೊಡ್ಡ ಪತನಕ್ಕೆ ಅಷ್ಟು ದೊಡ್ಡ ಸಮಾಚಾರವು ಯಾರ ಕಣ್ಣಿಗೂ ಬೀಳಲಿಲ್ಲ. ರಾಬರ್ಟ್ ಶಿಲ್ಲರ್ ಕೂಡಲೇ ಹೂಡಿಕೆದಾರರಿಗೆ ಅಂಚೆಯಲ್ಲಿ ಪ್ರಶ್ನಾವಳಿಗಳನ್ನು ಕಳುಹಿಸಿ ವಿಚಾರಿಸಿದಾಗ, ಅವರನ್ನು ಅಲುಗಿಸಿದುದು ಬೇರಾವ ವಾರ್ತೆಗಿಂತಲೂ ಬೆಲೆ ಬೀಳುತ್ತಿದೆ ಎಂಬ ವಾರ್ತೆಯೇ ಎಂಬುದು ಹೊರಪಟ್ಟಿತು. ಹೈಮನ್ ಮಿನ್ಸ್ಕಿಯು ಇದರ ಜೊತೆಗೆ ಸಾಲದ ಅಂಶವನ್ನು ಸೇರಿಸಿದನು: ದೀರ್ಘಕಾಲದ ನೆಮ್ಮದಿಯೇ ಜನರನ್ನು ಹೆಚ್ಚು ಸಾಲಕ್ಕೆ ಎಳೆಯುತ್ತದೆ, ಆ ಸಾಲವು ಸಣ್ಣ ಇಳಿತವನ್ನು ದೊಡ್ಡದು ಮಾಡುತ್ತದೆ. ನನ್ನ ಮಟ್ಟಿಗೆ 1865ರ ಮುಂಬಯಿಗೆ ಇದಕ್ಕಿಂತ ಒಪ್ಪುವ ಭಾಷ್ಯವಿಲ್ಲ. ಫಾಮಾ ಮತ್ತು ಶಿಲ್ಲರ್ ಇಬ್ಬರಿಗೂ 2013ರಲ್ಲಿ ಒಂದೇ ನೊಬೆಲ್ ಬಹುಮಾನವನ್ನು ಹಂಚಿದುದು ಈ ಶಾಸ್ತ್ರದ ವಿನೋದಗಳಲ್ಲೊಂದು.

ಭಾರತದಲ್ಲಿ ಮಧ್ಯಮವರ್ಗವು ಶೇರಿನ ರುಚಿ ಕಂಡುದು 1977ರ ರಿಲಯನ್ಸ್ ಶೇರು ಮಾರಾಟದ ಕಾಲದಿಂದೀಚೆಗೆ. 1992ರ ಏಪ್ರಿಲಿನಲ್ಲಿ ಬಿ.ಎಸ್.ಇ.ಯ ಸೂಚ್ಯಂಕವಾದ ಸೆನ್ಸೆಕ್ಸ್ 4,467ಕ್ಕೆ ಏರಿ, ದಲಾಲ ಹರ್ಷದ್ ಮೆಹ್ತಾ ಬ್ಯಾಂಕುಗಳ ಹಣವನ್ನು ಪೇಟೆಗೆ ತಿರುಗಿಸಿದ್ದನೆಂಬ ಸಂಗತಿಯು ಬಯಲಾಗುತ್ತಲೇ ಬಿದ್ದಿತು. ಅದರ ಗದ್ದಲವು ಕೊಪ್ಪಳಕ್ಕೆ ಪತ್ರಿಕೆಯ ಸುದ್ದಿಯಾಗಿ ಮುಟ್ಟಿರಬಹುದೇ ಹೊರತು, ನಷ್ಟವಾಗಿ ಮುಟ್ಟಿದುದು ವಿರಳ. ಶೇರು ಕೊಳ್ಳಬೇಕಾದರೆ ಬೆಂಗಳೂರಿನ ದಲಾಲನ ಪರಿಚಯ ಬೇಕಾಗಿದ್ದ ದಿನಗಳವು. ಸಾಮಾನ್ಯ ಉಳಿತಾಯಗಾರನನ್ನು ನಿಜವಾಗಿ ತಾಗಿದುದು ಯೂನಿಟ್ ಟ್ರಸ್ಟಿನ ಯು.ಎಸ್.-64. 1964ರಲ್ಲಿ ಪ್ರಾರಂಭವಾದ ಈ ಯೋಜನೆಯನ್ನು ಶಾಲೆಯ ಮಾಸ್ತರರೂ ಕಚೇರಿಯ ಗುಮಾಸ್ತರೂ ನಿವೃತ್ತರೂ ಸರ್ಕಾರಿ ಠೇವಣಿಯೆಂದೇ ನಂಬಿದ್ದರು. ವರ್ಷವರ್ಷವೂ ಲಾಭಾಂಶ ಬರುತ್ತಿತ್ತು, ಒಳಗೆ ಇರುವುದು ಶೇರುಗಳೆಂಬುದನ್ನೂ ಅವುಗಳ ಅಂದಿನ ಬೆಲೆಯನ್ನೂ ಯಾರೂ ಹೇಳುತ್ತಿರಲಿಲ್ಲ. ದಲಾಲ ಕೇತನ್ ಪಾರೇಖನ ಶೇರು ಹಗರಣದ ವರ್ಷವಾದ 2001ರ ಜುಲೈಯಲ್ಲಿ ಟ್ರಸ್ಟು ಆರು ತಿಂಗಳ ಕಾಲ ಯೂನಿಟ್ಟುಗಳನ್ನು ಮರಳಿ ಕೊಳ್ಳುವುದನ್ನು ನಿಲ್ಲಿಸಿಬಿಟ್ಟಿತು. ಬೆಲೆ ಇಳಿದುದಕ್ಕಿಂತಲೂ ಬಾಗಿಲು ಮುಚ್ಚಿದುದು ಘೋರವಾದುದು. ಮಗಳ ಮದುವೆಯನ್ನು ಆ ಮಾಗಿಯಲ್ಲಿ ನಿಶ್ಚಯಿಸಿದ್ದ ಗುಮಾಸ್ತನಿಗೆ, ಸರ್ಕಾರವು ಮುಂದೆ ಬಾಂಡುಗಳ ರೂಪದಲ್ಲಿ ನಷ್ಟವನ್ನು ತುಂಬಿಕೊಟ್ಟುದು ನ್ಯಾಯವಾಗಿದ್ದರೂ ಅಕಾಲಿಕ. ತನ್ನ ಹಣ ತನಗೆ ಬೇಕಾದ ದಿನ ಸಿಗದೆಂಬ ಈ ಅನುಭವವೇ ಆ ತಲೆಮಾರನ್ನು ಶೇರಿನಿಂದ ದೂರವಿಟ್ಟಿತೆಂದು ನಾನು ಎಣಿಸುತ್ತೇನೆ. ಅದನ್ನು ಅಜ್ಞಾನವೆನ್ನುವುದು ಅನ್ಯಾಯ.

2008ರ ಪತನವು ಅಮೆರಿಕದ ಮನೆಸಾಲಗಳಿಂದ ಹುಟ್ಟಿ, ಜನವರಿಯಲ್ಲಿ 21,000ವನ್ನು ದಾಟಿದ್ದ ಸೆನ್ಸೆಕ್ಸನ್ನು ಅಕ್ಟೋಬರಿನಲ್ಲಿ 8,000ಕ್ಕಿಂತ ಕೆಳಗೆ ತಂದಿತು. 2020ರ ಮಾರ್ಚ್ 23ರಂದು ಮಹಾಮಾರಿಯ ಭಯದಿಂದ ಅದು ಒಂದೇ ದಿನ ಶೇಕಡ 13ರಷ್ಟು ಬಿದ್ದು, ಅದೇ ವರ್ಷದ ನವೆಂಬರಿನಲ್ಲಿ ಹಳೆಯ ಎತ್ತರವನ್ನು ಮೀರಿತು. ಈ ಶೀಘ್ರ ಚೇತರಿಕೆಯೇ ಹಳ್ಳಿಗಳಿಗೆ ಶೇರನ್ನು ತಂದಿತೆನ್ನಬೇಕು. 2020ರ ಮಾರ್ಚಿನಲ್ಲಿ ದೇಶದಲ್ಲಿ ಸುಮಾರು 4 ಕೋಟಿಯಿದ್ದ, ಶೇರುಗಳನ್ನು ಇರಿಸುವ ಡಿಮ್ಯಾಟ್ ಖಾತೆಗಳು 2024ರ ವಸಂತದ ಹೊತ್ತಿಗೆ 15 ಕೋಟಿಯಾಗಿದ್ದುವು.

ಹಾಗೆ ಪೇಟೆಗೆ ಬಂದವನ ನಡತೆಯನ್ನು ಕುರಿತು ಶಾಸ್ತ್ರವು ಹೇಳುವುದೇನು? ಡೇನಿಯಲ್ ಕಾನೆಮನ್, ಆಮೋಸ್ ಟ್ವೆರ್ಸ್ಕಿ ಇವರು 1979ರಲ್ಲಿ, ಲಾಭದ ಸಂತೋಷಕ್ಕಿಂತ ಅಷ್ಟೇ ನಷ್ಟದ ದುಃಖವು ಹೆಚ್ಚು ಭಾರವೆಂದು ನಿರೂಪಿಸಿದರು. ಮುಂದಿನ ಅಳತೆಗಳಲ್ಲಿ ಆ ಭಾರವು ಸುಮಾರು ಎರಡು ಪಟ್ಟೆಂದು ಕಂಡಿತು. 1985ರಲ್ಲಿ ಷೆಫ್ರಿನ್ ಮತ್ತು ಸ್ಟ್ಯಾಟ್ಮನ್, ಜನರು ಏರಿದ ಶೇರನ್ನು ಬೇಗ ಮಾರಿ ಇಳಿದುದನ್ನು ಅಪ್ಪಿಕೊಂಡು ಕೂಡುವರೆಂದರು. 1998ರಲ್ಲಿ ಟೆರೆನ್ಸ್ ಓಡೀನ್ ಹತ್ತು ಸಾವಿರ ಖಾತೆಗಳ ಲೆಕ್ಕದಿಂದ ಅದನ್ನು ಸ್ಥಾಪಿಸಿದನು. ಬೆನಾರ್ಟ್ಜಿ ಮತ್ತು ಥೇಲರ್, ಖಾತೆಯನ್ನು ಪದೇ ಪದೇ ನೋಡುವವನಿಗೆ ನಷ್ಟವೇ ಹೆಚ್ಚು ಬಾರಿ ಕಾಣುವುದೆಂದು 1995ರಲ್ಲಿ ತೋರಿಸಿದರು. ಇವೆಲ್ಲ ಸತ್ಯಗಳೇ. ಆದರೆ ಈ ಪ್ರಯೋಗಗಳ ಮನುಷ್ಯನು ತಿಂಗಳ ಸಂಬಳದವನು. ಅವನು ಮಾರುವುದೂ ಮಾರದಿರುವುದೂ ಅವನ ಚಿತ್ತವೃತ್ತಿಗೆ ಬಿಟ್ಟುದು. ಕುಷ್ಟಗಿಯ ದಾಳಿಂಬೆ ಬೆಳೆಗಾರನಿಗೆ ಅಂಗಮಾರಿ ರೋಗ ತಗುಲಿದ ವರ್ಷ, ಮುಂಗಾರಿ ಕೈಕೊಟ್ಟು ಹಿಂಗಾರಿಯ ಲಾಗೋಡಿಗೆ ಹಣ ಹೊಂದಿಸಬೇಕಾದ ಯಲಬುರ್ಗಾದ ಕಡಲೆ ಬೆಳೆಗಾರನಿಗೆ, ಇಳಿದ ಪೇಟೆಯಲ್ಲಿ ಮಾರಬಾರದೆಂಬ ಉಪದೇಶವು ಎಷ್ಟು ಸಾಧುವಾಗಿದ್ದರೂ ನಿರುಪಯುಕ್ತ. ಅವನು ಭಯದಿಂದ ಮಾರುವುದಿಲ್ಲ. ಬೀಜದಂಗಡಿಯವನು ಕಾಯನೆಂದು ಮಾರುತ್ತಾನೆ. ಗಂಗಾವತಿಯಲ್ಲಿ ಎರಡನೆಯ ಬೆಳೆಯ ನೀರು ಖಚಿತವಾದವನು ಅದೇ ಇಳಿತದಲ್ಲಿ ತಿಂಗಳ ಕಂತಿನ ಎಸ್‌ಐಪಿಯನ್ನು ನಿಲ್ಲಿಸದೆ ಕೂಡಬಲ್ಲನಾದರೆ, ಅದು ಧೈರ್ಯದ ಗುಣವಲ್ಲ, ಕಾಲುವೆಯ ಗುಣ.

2024ರ ಆಗಸ್ಟಿನಲ್ಲಿ ಈ ಮಾತಿಗೆ ದೃಷ್ಟಾಂತವೊಂದು ದೊರೆಯಿತು. ಜಪಾನಿನ ಕೇಂದ್ರ ಬ್ಯಾಂಕು ಬಡ್ಡಿಯನ್ನು ಏರಿಸಿದುದರಿಂದ, ಅಗ್ಗದ ಯೆನ್ನಿನಲ್ಲಿ ಸಾಲವೆತ್ತಿ ಲೋಕದ ಪೇಟೆಗಳಲ್ಲಿ ಹೂಡಿದ್ದವರು ಗಡಿಬಿಡಿಯಿಂದ ಮಾರತೊಡಗಿ, 5ನೆಯ ತಾರೀಖು ಸೆನ್ಸೆಕ್ಸ್ 2,222 ಅಂಶಗಳಷ್ಟು ಕುಸಿಯಿತು. 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ, ಗೇಟು ಕೊಚ್ಚಿಹೋಗಿ, ತುಂಬಿದ್ದ ನೀರನ್ನು ನದಿಗೆ ಬಿಡಬೇಕಾಯಿತು. ಎಡದಂಡೆಯ ರೈತನಿಗೆ ಈ ಎರಡರಲ್ಲಿ ಯಾವುದು ನಿಜವಾದ ಪತನವೆಂದು ಕೇಳಬೇಕಾದುದೇ ಇಲ್ಲ. ಒಂದು ವಾರದಲ್ಲಿ ತಾತ್ಕಾಲಿಕ ತಡೆಗೇಟು ಕೂಡಿತು; ಮಳೆ ಕೈಹಿಡಿದು ಜಲಾಶಯ ಮತ್ತೆ ತುಂಬಿತು; ಸೆನ್ಸೆಕ್ಸ್ ಕೂಡ ಸೆಪ್ಟೆಂಬರ್ ಕೊನೆಗೆ 85,978ನ್ನು ಮುಟ್ಟಿತು. ಅದಾದ ಮೇಲೆ ಪೇಟೆಯ ಮತ್ತೊಂದು ಸೂಚ್ಯಂಕವಾದ ನಿಫ್ಟಿಯು ಸತತವಾಗಿ ಐದು ತಿಂಗಳು ಇಳಿದುದು 1996ರ ತರುವಾಯ ಮೊದಲನೆಯ ಸಲ.

ಇನ್ನು ಉಳಿದುದು ಉಳಿತಾಯವೆನಿಸಿಕೊಳ್ಳದ, ಆದರೆ ಉಳಿತಾಯವನ್ನೇ ತಿನ್ನುವ ಒಂದು ವ್ಯವಹಾರ. ನ್ಯೂಯಾರ್ಕಿನಿಂದ ಮುಂಬಯಿಗೆ ಬರುತ್ತಿದ್ದ ಅರಳೆಯ ಧಾರಣೆಯ ಮೇಲೆ ಪಣವೊಡ್ಡುವುದರಿಂದ ಹುಟ್ಟಿದ ಮಟ್ಕಾ, ಓಸಿಯೆಂಬ ಹೆಸರಿನಿಂದ ಉತ್ತರ ಕರ್ನಾಟಕದ ಚಹದಂಗಡಿಗಳನ್ನು ಹೊಕ್ಕು ಎಷ್ಟು ಮನೆಗಳನ್ನು ಹಾಳುಮಾಡಿತೆಂಬುದನ್ನು ಹಿರಿಯರು ಬಲ್ಲರು. ಇಂದಿನ ಯುವಕನ ಮೊಬೈಲಿನಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ ವ್ಯಾಪಾರವು ಆ ಪೀಠವನ್ನೇರಿದೆ. ಇಲ್ಲಿ ಪೇಟೆ ಏರಿದರೂ ಇಳಿದರೂ ಕಳೆದುಕೊಳ್ಳುವ ಸೌಕರ್ಯವುಂಟು. 2021-22ರಿಂದ 2023-24ರ ವರೆಗಿನ ಮೂರು ವರ್ಷಗಳಲ್ಲಿ ಈ ವ್ಯಾಪಾರಕ್ಕಿಳಿದ ವ್ಯಕ್ತಿಗಳಲ್ಲಿ ಶೇಕಡ 93 ಮಂದಿ ನಷ್ಟ ಹೊಂದಿದರೆಂದೂ, ಒಟ್ಟು ನಷ್ಟವು 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತೆಂದೂ ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಅಧ್ಯಯನವು ಪ್ರಕಟಿಸಿತು. ಎಚ್ಚರಿಕೆಯ ಜಾಹೀರಾತುಗಳಿಂದ ಮನಸ್ಸನ್ನು ತಿದ್ದುವ ಯತ್ನ ಬಹುಕಾಲ ನಡೆದುದೇ. 2024ರ ನವೆಂಬರಿನಿಂದ ಸೆಬಿಯು ಒಂದು ಒಪ್ಪಂದದ ಕನಿಷ್ಠ ಮೌಲ್ಯವನ್ನು 15 ಲಕ್ಷ ರೂಪಾಯಿಗೆ ಏರಿಸಿ, ವಾರವಾರದ ಒಪ್ಪಂದಗಳನ್ನೂ ಮಿತಗೊಳಿಸಿತು. ಬಾಗಿಲಲ್ಲಿ ನಿಂತು ಮನಸ್ಸನ್ನಲ್ಲ, ಕಿಸೆಯನ್ನು ವಿಚಾರಿಸುವ ಕ್ರಮವಿದು.