ಇನ್-ಮೆಮೊರಿ ಡೇಟಾಬೇಸುಗಳಲ್ಲಿ ಚೆಕ್‌ಪಾಯಿಂಟ್: ಹೊರೆ ದಾಟಿಸಿದ ಚರಿತ್ರೆ

ಡಿಸ್ಕನ್ನು ನಂಬಿದ ಡೇಟಾಬೇಸುಗಳಲ್ಲಿ ಚೆಕ್‌ಪಾಯಿಂಟಿಗೆ ಇದ್ದದ್ದು ಸಹಾಯಕನ ಸ್ಥಾನ. ದತ್ತಾಂಶದ ಬಹುಪಾಲು ಹೇಗೂ ಡಿಸ್ಕಿನಲ್ಲಿರುತ್ತದೆ. ಕುಸಿತದ ನಂತರ, ಬದಲಾವಣೆಗಳ ದಾಖಲೆಯಾದ ಲಾಗನ್ನು ಎಲ್ಲಿಂದ ಓದಬೇಕೆಂದು ತಿಳಿಸಿದರೆ ಅದರ ಕೆಲಸ ಮುಗಿಯಿತು. ಐಬಿಎಂನ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಏರೀಸ್ ವಿಧಾನ ಈ ಕಲ್ಪನೆಯ ಮಾಗಿದ ರೂಪ. ದತ್ತಾಂಶವೆಲ್ಲ ಮೆಮೊರಿಯಲ್ಲೇ ನೆಲೆಸಿದಾಗ ಸಂಬಂಧ ತಲೆಕೆಳಗಾಗುತ್ತದೆ: ಕರೆಂಟು ಹೋದರೆ ಉಳಿಯುವುದು ಡಿಸ್ಕಿಗೆ ನಕಲಿಸಿಟ್ಟ ಕೊನೆಯ ಚೆಕ್‌ಪಾಯಿಂಟು ಮತ್ತು ಅದರ ನಂತರದ ಲಾಗು, ಅಷ್ಟೆ. ಈ ಚರಿತ್ರೆಯನ್ನು ವೇಗ ಹೆಚ್ಚುತ್ತ ಬಂದ ಕಥೆಯಾಗಿ ಹೇಳುವುದು ರೂಢಿ. ನನಗೆ ಕಾಣುವ ಎಳೆ ಬೇರೆ. ಬಹುತೇಕ ಪ್ರತಿ ತಲೆಮಾರೂ ನಿತ್ಯದ ವಹಿವಾಟಿನ ಹೊರೆಯನ್ನು ಚೇತರಿಕೆಯ ಗಳಿಗೆಗೋ ಹೆಚ್ಚುವರಿ ಮೆಮೊರಿಗೋ ದಾಟಿಸಿದೆ.

1984ರಲ್ಲಿ ಡೇವಿಡ್ ಡೆವಿಟ್ ಮತ್ತಿತರರು ಎದುರಿಸಿದ್ದು ಸರಳ ಲೆಕ್ಕವನ್ನು. ವಹಿವಾಟಿಗೊಂದರಂತೆ ಲಾಗಿನ ಪುಟ ಬರೆಯಲು 10 ಮಿಲಿಸೆಕೆಂಡು ಹಿಡಿದರೆ, ಮೆಮೊರಿ ಎಷ್ಟೇ ಚುರುಕಾಗಿದ್ದರೂ ಸೆಕೆಂಡಿಗೆ 100 ವಹಿವಾಟು ದಾಟದು. ಹಲವು ವಹಿವಾಟುಗಳ ದಾಖಲೆಯನ್ನು ಒಂದೇ ಪುಟದಲ್ಲಿ ಬರೆಯುವ ಗ್ರೂಪ್ ಕಮಿಟ್ ಆ ಬಿಗಿಯನ್ನು ಸಡಿಲಿಸಿತು. ಎರಡು ವರ್ಷಗಳ ನಂತರ ಹ್ಯಾಗ್‌ಮನ್ ಸೂಚಿಸಿದ್ದು, ವಹಿವಾಟು ನಿಲ್ಲಿಸದೆಯೇ ಮೆಮೊರಿಯನ್ನು ಡಿಸ್ಕಿಗೆ ನಕಲಿಸುವುದನ್ನು. ಹಾಗೆ ಸಿಗುವ ಚಿತ್ರದಲ್ಲಿ ಹಳತೂ ಹೊಸತೂ ಬೆರೆತಿರುತ್ತವೆ. ಅದನ್ನು ಸರಿಪಡಿಸುವ ಕೆಲಸ ಚೇತರಿಕೆಯ ಪಾಲಿಗೆ. ಇನ್-ಮೆಮೊರಿ ಡೇಟಾಬೇಸುಗಳಾದ ರೆಡಿಸ್ ಮತ್ತು 2011ರ ಹೈಪರ್ ಈ ಬೆರಕೆಯನ್ನು ತಪ್ಪಿಸಲು ಆಪರೇಟಿಂಗ್ ಸಿಸ್ಟಮ್ಮಿನ ಫೋರ್ಕ್ ಸೌಲಭ್ಯವನ್ನು ಬಳಸಿಕೊಂಡವು: ಮರಿ ಪ್ರಕ್ರಿಯೆಗೆ ಆ ಕ್ಷಣದ ಸ್ಥಿತಿ ಹಾಗೇ ಕಾಣುತ್ತದೆ, ಬದಲಾದ ಪುಟಗಳಷ್ಟೇ ಎರಡಾಗುತ್ತವೆ. ಜಾಣ ಉಪಾಯವೇ ಸರಿ, ಆದರೆ ಬರಹ ಜೋರಾಗಿದ್ದರೆ ಮೆಮೊರಿಯ ಬಳಕೆ ದುಪ್ಪಟ್ಟಿನತ್ತ ಹೋಗುತ್ತದೆ. ನನ್ನ ವಾದಕ್ಕೆ ಅತ್ಯಂತ ನೇರ ಸಾಕ್ಷ್ಯ ಇನ್ನೊಂದು ಇನ್-ಮೆಮೊರಿ ಡೇಟಾಬೇಸಾದ ವೋಲ್ಟ್‌ಡಿಬಿಯ ಕಮಾಂಡ್ ಲಾಗಿಂಗ್. ಅದು ಬದಲಾದ ಮೌಲ್ಯಗಳನ್ನು ಬಿಟ್ಟು, ಕರೆದ ಪ್ರೊಸೀಜರಿನ ಹೆಸರನ್ನೂ ಅದಕ್ಕೆ ಕೊಟ್ಟ ಮೌಲ್ಯಗಳನ್ನೂ ಮಾತ್ರ ದಾಖಲಿಸುತ್ತದೆ. ಮಾಳವೀಯ ಮತ್ತು ಸಂಗಡಿಗರ 2014ರ ಅಳತೆಯಂತೆ, ಮೆಮೊರಿಗೆ ಹೊಂದಿಸಿದ ಏರೀಸಿಗಿಂತ ವಹಿವಾಟಿನ ವೇಗ 1.5 ಪಟ್ಟು, ಚೇತರಿಕೆ ಮಾತ್ರ ನಿಧಾನ, ಏಕೆಂದರೆ ಪ್ರತಿ ವಹಿವಾಟನ್ನೂ ಮತ್ತೆ ನಡೆಸಬೇಕು.

ಕುಸಿತವೇ ಅಪರೂಪ, ಪ್ರತಿಕೃತಿ ಸರ್ವರುಗಳೂ ಇರುವಾಗ ನಿಧಾನದಿಂದ ನಷ್ಟವೇನು ಎಂಬ ಆಕ್ಷೇಪಕ್ಕೆ ತೂಕವಿದೆ. ಒಂದು ಯಂತ್ರ ಕೆಟ್ಟಾಗ ಅದು ನಿಜ. ಇಡೀ ಡೇಟಾ ಸೆಂಟರಿಗೇ ವಿದ್ಯುತ್ ಕೈಕೊಟ್ಟರೆ ಪ್ರತಿಕೃತಿಗಳೂ ಒಟ್ಟಿಗೆ ಹೋಗುತ್ತವೆ. ಬಿದ್ದ ಪ್ರತಿಕೃತಿಯನ್ನು ಮತ್ತೆ ಕಟ್ಟಲೂ ಚೆಕ್‌ಪಾಯಿಂಟ್ ಬೇಕು. ಇನ್ನೊಂದು ಸಂಗತಿ ಚರ್ಚೆಗೆ ಬರುವುದು ಕಡಿಮೆ: ಸಾಫ್ಟ್‌ವೇರ್ ಬದಲಿಸಲು ಬೇಕೆಂದೇ ನಿಲ್ಲಿಸಿ ಶುರುಮಾಡುವುದು ಅಪರೂಪವೇನಲ್ಲ. ಫೇಸ್‌ಬುಕ್‌ನ ಇನ್-ಮೆಮೊರಿ ಡೇಟಾಬೇಸಾದ ಸ್ಕ್ಯೂಬಾದಲ್ಲಿ ಒಂದು ಸರ್ವರಿನ ಸುಮಾರು 120 ಜಿಬಿ ದತ್ತಾಂಶವನ್ನು ಡಿಸ್ಕಿನಿಂದ ಓದಲು 20–25 ನಿಮಿಷ ಸಾಕಿತ್ತು. ಓದಿದ್ದನ್ನು ಮೆಮೊರಿಯ ರೂಪಕ್ಕೆ ತರುವುದೂ ಸೇರಿದರೆ 2.5–3 ಗಂಟೆ. ದತ್ತಾಂಶವನ್ನು ಹಂಚಿಕೆಯ ಮೆಮೊರಿಯಲ್ಲಿ ಬಿಟ್ಟು ಪ್ರಕ್ರಿಯೆಯನ್ನಷ್ಟೇ ಬದಲಿಸಿದಾಗ ಆ ಅವಧಿ 2–3 ನಿಮಿಷಕ್ಕೆ ಇಳಿಯಿತೆಂದು ಫೇಸ್‌ಬುಕ್‌ನ ತಂಡದವರು 2014ರಲ್ಲಿ ವರದಿ ಮಾಡಿದರು. ಪ್ರಕ್ರಿಯೆ ತಾನಾಗಿ ಕುಸಿದಾಗ ಆ ಮೆಮೊರಿಯನ್ನು ಅವರು ನಂಬಲಿಲ್ಲ, ಡಿಸ್ಕಿನಿಂದಲೇ ಓದಿಕೊಂಡರು.