ಮಾಗಿದ್ದು ಯಾರ ಕಣ್ಣಿಗೆ?

ಮುಂಬಯಿಯ ಆಂಟಾಪ್ ಹಿಲ್ ಹೆಸರಿಗೆ ಗುಡ್ಡ; ಇಂದು ಕಣ್ಣಿಗೆ ಬೀಳುವುದು ಕಟ್ಟಡಗಳೇ. ಒಂದು ಬದಿಗೆ ವಡಾಲಾ, ಇನ್ನೊಂದು ಬದಿಗೆ ಸಾಯನ್ ಕೋಳಿವಾಡಾ, ಮೇಲೆ ಶೇಖ್ ಮಿಸ್ರಿಯವರ ದರ್ಗಾ, ಸುತ್ತ ಸರ್ಕಾರಿ ವಸತಿಗಳ ಸಾಲು. ನೌಕರಿಯ ನಿಮಿತ್ತ ಇಲ್ಲಿಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳು ಹಲವು. ಅಂಥ ಒಂದು ಮನೆಯ ಗ್ಯಾಲರಿಯಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಒಂದು ಸಣ್ಣ ಸಂಗತಿಯೇ ಈ ಬರಹಕ್ಕೆ ಕಾರಣ.

ವಿಜಯಪುರದ ಕಡೆಯಿಂದ ಮಗನ ಮನೆಗೆ ಬಂದಿದ್ದ ಅಜ್ಜಿಯೊಬ್ಬರು ಸೆರಗಿನ ಗಂಟಿನಲ್ಲಿ ಪುಂಡಿ ಬೀಜ ತಂದಿದ್ದರು. ಜೂನ್ ತಿಂಗಳ ಮೊದಲ ಮಳೆಗೆ ಹಳೆಯ ಬಣ್ಣದ ಡಬ್ಬಿಗಳಲ್ಲಿ ಮಣ್ಣು ತುಂಬಿ ಬಿತ್ತಿದರು. ಗಿಡಗಳು ನೆಟ್ಟಗೆ ಬೆಳೆದವು. ಎಲೆಗಳು ಬೆರಳು ಚಾಚಿದ ಅಂಗೈಯಂತೆ ಸೀಳಿಕೊಂಡವು. ಇನ್ನೊಂದು ವಾರಕ್ಕೆ ಚಿಗುರು ಮುರಿದು, ಜೋಳದ ನುಚ್ಚು, ಬೆಳ್ಳುಳ್ಳಿ, ಹಸಿಮೆಣಸು ಹಾಕಿ ಪಲ್ಯ ಮಾಡುವುದೆಂದು ಅಜ್ಜಿ ದಿನ ಎಣಿಸುತ್ತಿದ್ದರು. ಅಷ್ಟರಲ್ಲಿ ಕಟ್ಟಡದ ನಿವಾಸಿಗಳೊಬ್ಬರು ಗಿಡದ ಚಿತ್ರ ತೆಗೆದು, ಇದು ಗಾಂಜಾ ಅಲ್ಲವೇ ಎಂದು ಎಲ್ಲರ ಮೊಬೈಲಿಗೂ ಕಳುಹಿಸಿದರು. "ಇದು ಪುಂಡಿ ಐತಿ ತಮ್ಮಾ, ಭಂಗಿ ಅಲ್ಲ. ಒಂದು ಎಲಿ ಬಾಯಾಗ ಹಾಕ್ಕೊಂಡು ನೋಡು, ಹುಳಿ ಹತ್ತತೈತಿ" ಎಂದು ಅಜ್ಜಿ ನನ್ನೆದುರು ಅಲವತ್ತುಕೊಂಡರು. ಆದರೆ ಮಗ ಸರ್ಕಾರಿ ನೌಕರ. ಆ ರಾತ್ರಿಯೇ ಗಿಡಗಳನ್ನೆಲ್ಲ ಕಿತ್ತು ಚೀಲದಲ್ಲಿ ತುಂಬಿ ಹೊರಗೆ ಹಾಕಿದ.

ಎರಡು ಗಿಡಗಳ ಹೋಲಿಕೆ ಹೊಸದಲ್ಲ. ಸಸ್ಯಶಾಸ್ತ್ರದಲ್ಲಿ ಪುಂಡಿಯ ಒಂದು ಬಗೆಗೆ 'ಹೈಬಿಸ್ಕಸ್ ಕ್ಯಾನಬಿನಸ್' ಎಂಬ ಹೆಸರಿದೆ. ಕ್ಯಾನಬಿಸ್‌ನಂಥ ಎಲೆಯುಳ್ಳದ್ದು ಎಂಬುದು ಅದರ ಸೂಚನೆ. ಮರಾಠಿಗರು ಅಂಬಾಡಿ ಎನ್ನುವ ಈ ಗಿಡದ ನಾರನ್ನು ಬ್ರಿಟಿಷ್ ಕಾಲದ ವ್ಯಾಪಾರಿಗಳು 'ಡೆಕ್ಕನ್ ಹೆಂಪ್' ಎಂದು ಮಾರಿದರು. ಹೀಗೆ ಇಂಗ್ಲಿಷಿನ 'ಹೆಂಪ್' ಎಂಬ ಒಂದೇ ಮಾತಿನ ಕೆಳಗೆ ನಮ್ಮ ಪುಂಡಿ, ಸೆಣಬು, ಗಾಂಜಾ ಮೂರೂ ಸೇರಿಕೊಂಡವು. ಬೆಳೆಯುವವರಿಗೆ ಮಾತ್ರ ಈ ಗೊಂದಲವಿರಲಿಲ್ಲ. ಪುಂಡಿಯದು ಒಂದೇ ಎಲೆ, ಅಂಚಿನಿಂದ ಸೀಳಿದ್ದು. ಗಾಂಜಾ ಗಿಡದ್ದು ಒಂದೇ ತೊಟ್ಟಿನ ತುದಿಯಲ್ಲಿ ಕೂಡುವ ಐದೋ ಏಳೋ ಬಿಡಿ ಎಲೆಗಳು. ಪುಂಡಿಯ ಹೂವು ದೊಡ್ಡದು, ತಿಳಿಹಳದಿ, ನಡುವೆ ಕಡುಗೆಂಪು. ಗಾಂಜಾದ ಹೂವಿಗೆ ದಳಗಳೇ ಇಲ್ಲ.

ಕೊಯ್ಲಿನ ವಿಷಯದಲ್ಲಿ ಮಾತ್ರ ಎರಡಕ್ಕೂ ಒಂದು ನಿಜವಾದ ಸಾಮ್ಯವಿದೆ. ಪುಂಡಿ ಯಾವಾಗ ಕೊಯ್ಲಿಗೆ ಬರುತ್ತದೆ ಎಂದು ಕೇಳಿದರೆ ಒಂದೇ ಉತ್ತರವಿಲ್ಲ. ಪಲ್ಯಕ್ಕಾದರೆ ಎಳೆಯದಿರುವಾಗ, ನಾರಿಗಾದರೆ ಹೂ ಬಿಡತೊಡಗಿದಾಗ, ಬೀಜಕ್ಕಾದರೆ ಕಾಯಿ ಒಣಗಿದ ಮೇಲೆ. ಗಾಂಜಾ ಗಿಡವೂ ಹಾಗೆಯೇ. ಹಿಮಾಲಯದ ತಪ್ಪಲಿನಲ್ಲಿ ನಾರಿಗಾಗಿ ಬೆಳೆಯುವವರಿಗೆ ಅದರ ಹದ ಒಂದು, ಬೀಜ ಹುರಿದು ಚಟ್ನಿ ಅರೆಯುವವರಿಗೆ ಇನ್ನೊಂದು, ಭಂಗಿಗೆ ಎಲೆ ಬಿಡಿಸುವವರಿಗೆ ಮತ್ತೊಂದು. ಗಾಂಜಾ ಎಂಬ ಸರಕಿನ ಹದ ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು. ಆ ಹದವನ್ನು ಅರಿಯುವ ಕಣ್ಣು ರೈತನಿಂದ ಅಬಕಾರಿಯವನಿಗೆ, ಅವನಿಂದ ಕಾನೂನಿನ ಪುಸ್ತಕಕ್ಕೆ ದಾಟಿದ ಕಥೆ ನಮ್ಮ ಆಧುನಿಕ ಚರಿತ್ರೆಯ ಒಂದು ಸಣ್ಣ ಅಧ್ಯಾಯ.

ಆ ಅಧ್ಯಾಯದ ಮುಖ್ಯ ದಾಖಲೆ 1893-94ರ ಭಾರತೀಯ ಹೆಂಪ್ ಮಾದಕ ವಸ್ತುಗಳ ಆಯೋಗದ ವರದಿ. ಲಂಡನ್ನಿನ ಸಂಸತ್ತಿನಲ್ಲಿ 1893ರಲ್ಲಿ ಎದ್ದ ಪ್ರಶ್ನೆಯೊಂದರ ಫಲವಾಗಿ, ಡಬ್ಲ್ಯು. ಮ್ಯಾಕ್‌ವರ್ತ್ ಯಂಗ್ ಅವರ ಅಧ್ಯಕ್ಷತೆಯಲ್ಲಿ ರಚನೆಯಾದ ಆಯೋಗವಿದು. ಪ್ರಾಂತದಿಂದ ಪ್ರಾಂತಕ್ಕೆ ತಿರುಗಿ 1,193 ಸಾಕ್ಷಿಗಳ ಹೇಳಿಕೆಗಳನ್ನು ಸಂಗ್ರಹಿಸಿತು. ಮುಂಬಯಿ ಪ್ರಾಂತವೂ ಅದರ ವಿಚಾರಣೆಗೆ ಒಳಪಟ್ಟಿತ್ತು. ಆಗ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆ ಪ್ರಾಂತದಲ್ಲೇ ಇದ್ದವೆಂಬುದನ್ನು ಮುಂಬಯಿ ಕನ್ನಡಿಗರಿಗೆ ನೆನಪಿಸಬೇಕಾಗಿಲ್ಲ. ಅಜ್ಜಿಯ ಊರೂ ಆಂಟಾಪ್ ಹಿಲ್ಲೂ ಅಂದು ಒಂದೇ ಅಬಕಾರಿ ಕಾಯಿದೆಯ ಕೆಳಗಿದ್ದವು. 1878ರ ಮುಂಬಯಿ ಅಬಕಾರಿ ಕಾಯಿದೆ ಎರಡನ್ನೂ ಆಳುತ್ತಿತ್ತು. ಪ್ರಾಂತದಲ್ಲಿ ಗಾಂಜಾ ಬೆಳೆಗೆ ಹೆಸರಾದವು ಅಹಮದ್‌ನಗರ, ಖಾನದೇಶದಂಥ ಜಿಲ್ಲೆಗಳು.

ಬೇಸಾಯದ ಅತಿ ವಿವರವಾದ ಚಿತ್ರ ದೊರೆಯುವುದು ಬಂಗಾಳದ ರಾಜಶಾಹಿ ಸೀಮೆಯ ನವಗಾಂವ್‌ನಿಂದ. ಇದರ ಬಗ್ಗೆ ಹೇಮಚಂದ್ರ ಕರ್ ಎಂಬ ಡೆಪ್ಯುಟಿ ಕಲೆಕ್ಟರ್ 1877ರಲ್ಲಿ, ಸಸ್ಯಶಾಸ್ತ್ರಜ್ಞ ಡೇವಿಡ್ ಪ್ರೇನ್ 1893ರಲ್ಲಿ ವರದಿ ಬರೆದರು. ಮಳೆಗಾಲದಲ್ಲಿ ಪಾತಿಯಲ್ಲಿ ಬೀಜ ಹಾಕಿ, ಸೆಪ್ಟೆಂಬರಿನ ಹೊತ್ತಿಗೆ ಸಸಿಗಳನ್ನು ಹೊಲಕ್ಕೆ ಕಿತ್ತು ನೆಡುತ್ತಿದ್ದರು. ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗಂಡಿನ ಪರಾಗ ಗಾಳಿಯಲ್ಲಿ ತೇಲಿ ಹೆಣ್ಣಿಗೆ ತಾಕಿದರೆ ಬೀಜ ಕಟ್ಟುತ್ತದೆ. ಬೀಜ ಕಟ್ಟಿದ ತೆನೆಯಲ್ಲಿ ಅಂಟು ಕಡಿಮೆ, ಅದರ ಬೆಲೆಯೂ ಕಡಿಮೆ. ಆದ್ದರಿಂದ ನವೆಂಬರಿನಲ್ಲಿ 'ಪೊದ್ದಾರ' ಎಂಬ ಪರಿಣತನನ್ನು ಕರೆಸುತ್ತಿದ್ದರು. ಹೂವು ಅರಳುವ ಮೊದಲೇ, ಮೊಗ್ಗಿನ ಚಹರೆಯಿಂದಲೇ ಅವನು ಗಂಡು ಗಿಡ ಗುರುತಿಸಿ ತೆಗೆಸುತ್ತಿದ್ದ. ಆಂಗ್ಲ ಅಧಿಕಾರಿಗಳು ಅವನನ್ನು ಗಾಂಜಾ ವೈದ್ಯನೆಂದೇ ಕರೆದರು. ಅವನ ಕಣ್ಣು ತಪ್ಪಿ ಉಳಿದ ಗಿಡದ ಪರಾಗ ನೆರೆಯವನ ಹೊಲವನ್ನೂ ಕೆಡಿಸಬಹುದಾಗಿತ್ತು. ಒಬ್ಬನ ಅಜಾಗರೂಕತೆ ಊರಿನ ನಷ್ಟವಾಗುತ್ತಿತ್ತು.

ಗಂಡು-ಹೆಣ್ಣಿನ ಈ ವಿವೇಚನೆ ಎಲ್ಲೆಡೆಯೂ ಸುಲಭವಾಗಿರಲಿಲ್ಲ. ಇಂಗ್ಲೆಂಡಿನ ನಾರು ಬೆಳೆಗಾರರು ಶತಮಾನಗಳ ಕಾಲ ಗಟ್ಟಿಮುಟ್ಟಾದ ಬೀಜದ ಗಿಡವನ್ನು ಗಂಡೆಂದೂ, ಸಪೂರವಾಗಿ ಬೇಗ ಒಣಗುವ ಗಿಡವನ್ನು ಹೆಣ್ಣೆಂದೂ ಕರೆದರು. ಹೆಸರು ತಲೆಕೆಳಗಾಗಿದ್ದರೂ ಅವರ ಕೆಲಸ ಕೆಡಲಿಲ್ಲ. ಯಾವುದನ್ನು ಯಾವಾಗ ಕೀಳಬೇಕೆಂಬುದು ಅವರ ಕೈಗೆ ಗೊತ್ತಿತ್ತು.

ಪೊದ್ದಾರನ ಕೆಲಸ ಮುಗಿದ ಮೇಲೆ ಕಾಯುವುದೇ ಬೇಸಾಯ. ಪರಾಗ ದೊರೆಯದ ಹೆಣ್ಣು ಗಿಡ ಹೂವಿನ ಮೇಲೆ ಹೂವು ಬಿಡುತ್ತ ತೆನೆಯನ್ನು ದಟ್ಟವಾಗಿಸುತ್ತದೆ. ತೆನೆ ಅಂಟಿನಿಂದ ಮಿರುಗುತ್ತದೆ, ವಾಸನೆ ಏರುತ್ತದೆ. ಕೆಳಗಿನ ಎಲೆಗಳು ಹಳದಿಯಾಗಿ ಉದುರಿ, ಹಸಿರು ತೆನೆ ಕಂದಿಗೆ ತಿರುಗಿದಾಗ ಹದ ಬಂದಂತೆ. ನವಗಾಂವ್‌ನಲ್ಲಿ ಇದು ಜನವರಿ-ಫೆಬ್ರವರಿಯ ಮಾತು. ಅವಸರಪಟ್ಟರೆ ಸರಕು ಸಪ್ಪೆ, ತಡವಾದರೆ ಅಂಟು ಒಣಗಿ ಕಸುವು ಇಳಿಯುತ್ತದೆ. ಇಂದು ಈ ಬೆಳೆಗೆ ಅನುಮತಿಯಿರುವ ದೇಶಗಳಲ್ಲಿ ಭೂತಗನ್ನಡಿ ಹಿಡಿದು ಅಂಟಿನ ಸೂಕ್ಷ್ಮ ಬಿಂದುಗಳು ತಿಳಿಯಿಂದ ಹಾಲುಬಣ್ಣಕ್ಕೆ ತಿರುಗಿದವೇ ಎಂದು ನೋಡುತ್ತಾರೆ. ಅಂದಿನ ರೈತನಿಗೆ ಕಣ್ಣು, ಮೂಗು, ಬೆರಳ ತುದಿಗಳೇ ಸಾಧನ.

ಆದರೆ ಹೊಲದ ಅಂಚಿನಲ್ಲಿ ಇನ್ನೊಬ್ಬನೂ ಕಾಯುತ್ತಿದ್ದ. ಬಂಗಾಳದಲ್ಲಿ ಕೊಯ್ದ ತೆನೆಯನ್ನು ಕಣದಲ್ಲಿ ತುಳಿದು ಚಪ್ಪಟೆಯಾಗಿಯೋ ಉರುಳಿಸಿ ದುಂಡಗಾಗಿಯೋ ಮಾಡಿ ಸರ್ಕಾರಿ ಉಗ್ರಾಣಕ್ಕೆ ಸಾಗಿಸಬೇಕಿತ್ತು. ಎಲ್ಲವೂ ಅಬಕಾರಿ ಸಿಬ್ಬಂದಿಯ ಕಣ್ಗಾವಲಿನಲ್ಲಿ. ಕಡ್ಡಿ ಹೆಚ್ಚಿರುವ ಚಪ್ಪಟೆ ಸರಕಿಗೆ ಕಡಿಮೆ ಸುಂಕ, ಕಡ್ಡಿ ಕಡಿಮೆಯಿರುವ ದುಂಡು ಸರಕಿಗೆ ಹೆಚ್ಚು, ಬರೀ ತೆನೆಯ ಚೂರಿಗೆ ಇನ್ನೂ ಹೆಚ್ಚು. ಗಿಡದ ಯಾವ ಭಾಗ ಎಷ್ಟು ಮಾಗಿದೆ ಎಂಬ ರೈತನ ಲೆಕ್ಕ ಹೀಗೆ ಬೊಕ್ಕಸದ ಲೆಕ್ಕವಾಯಿತು.

ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲವೆಂದು ತೀರ್ಮಾನಿಸಿದ ಆಯೋಗ ಪೂರ್ಣ ನಿಷೇಧ ಬೇಡವೆಂದಿತು. ನಿಯಂತ್ರಣ ಬಿಗಿಯಾಗಲಿ ಎಂದಿತು. ಗಾಂಜಾ ಬೆಳೆ ಪರವಾನಗಿಯುಳ್ಳ ಕೆಲವೇ ಕಡೆಗಳಿಗೆ ಸೀಮಿತವಾಗಬೇಕೆಂದು ಅದು ಸೂಚಿಸಿತು. ಹೀಗೆ ಹಿತ್ತಿಲಲ್ಲಿ, ಸಾಧು-ಫಕೀರರ ಗುಡಿಸಲ ಬಳಿ ಸ್ವಂತಕ್ಕೆಂದು ಬೆಳೆಯುತ್ತಿದ್ದ ಒಂದೆರಡು ಗಿಡಗಳೇ ಆಡಳಿತಕ್ಕೆ ದೊಡ್ಡ ತಲೆನೋವಾದವು. ಹೊಲವನ್ನು ಅಳೆಯಬಹುದು, ಉಗ್ರಾಣಕ್ಕೆ ಬೀಗ ಹಾಕಬಹುದು. ಹಿತ್ತಿಲ ಗಿಡದ ಹದವನ್ನು ಬಲ್ಲವನು ಅದರ ಒಡೆಯನೊಬ್ಬನೇ.

ಮುಂದಿನ ಹೆಜ್ಜೆ ವಿದೇಶದಲ್ಲಿ. 1925ರ ಜಿನೀವಾ ಒಪ್ಪಂದ 'ಇಂಡಿಯನ್ ಹೆಂಪ್' ಎಂದರೆ ಹೆಣ್ಣು ಗಿಡದ ಹೂಬಿಟ್ಟ ಅಥವಾ ಕಾಯಿಗಟ್ಟಿದ ಒಣ ತೆನೆ ಎಂದು ವಿವರಿಸಿತು. 1961ರ ವಿಶ್ವಸಂಸ್ಥೆಯ ಒಪ್ಪಂದ ತೆನೆಯೊಡನೆ ಇಲ್ಲದ ಎಲೆ ಮತ್ತು ಬೀಜಗಳನ್ನು ಈ ವ್ಯಾಖ್ಯೆಯಿಂದ ಹೊರಗಿಟ್ಟಿತು. ಭಾರತದ 1985ರ ಮಾದಕ ದ್ರವ್ಯ ಮತ್ತು ಮನೋವರ್ತಕ ವಸ್ತುಗಳ ಕಾಯಿದೆಯಲ್ಲಿ ಗಾಂಜಾದ ಅರ್ಥ ಇದೇ. ಪೊದ್ದಾರ ಮೊಗ್ಗಿನಲ್ಲಿ ಹುಡುಕುತ್ತಿದ್ದದ್ದು, ರೈತ ಫೆಬ್ರವರಿಯವರೆಗೆ ಕಾಯುತ್ತಿದ್ದದ್ದು ಈಗ ಕಲಮಿನ ಒಂದು ವಾಕ್ಯ. 1 ಕಿಲೋ ತನಕ ಅಲ್ಪ ಪ್ರಮಾಣ, 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ. ಆದ್ದರಿಂದಲೇ ಜಪ್ತಿಯಾದ ಮೂಟೆಯಲ್ಲಿ ತೆನೆ ಎಷ್ಟು, ಎಲೆ-ಕಡ್ಡಿ ಎಷ್ಟು ಎಂಬ ವಾದ ನ್ಯಾಯಾಲಯಗಳಲ್ಲಿ ಇಂದಿಗೂ ನಡೆಯುತ್ತದೆ. ಕಡ್ಡಿಯ ತೂಕದ ಮೇಲೆ ಅಂದು ಸುಂಕ ನಿಂತಿತ್ತು, ಇಂದು ಮನುಷ್ಯನ ಸೆರೆವಾಸ ನಿಂತಿದೆ.

ಇದೇ ಕಾಯಿದೆಗೆ ಇನ್ನೊಂದು ಕಣ್ಣೂ ಇದೆ. ಬೆಳೆಸುವುದರ ಮಾತು ಬಂದಾಗ ಅದು ಹದವನ್ನು ನೋಡುವುದೇ ಇಲ್ಲ. ಅನುಮತಿಯಿಲ್ಲದೆ ಈ ಕುಲದ ಯಾವ ಗಿಡವನ್ನು ಬೆಳೆಸಿದರೂ ಅಪರಾಧ. 10 ವರ್ಷಗಳವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಅದು ಗಂಡೋ ಹೆಣ್ಣೋ, ತೆನೆ ಬಿಟ್ಟಿದೆಯೋ ಇಲ್ಲವೋ ಎಂಬ ಪ್ರಶ್ನೆ ಇಲ್ಲಿಲ್ಲ. ಬೆಳೆದವನ ಕಣ್ಣಿಗೆ ಮಾಗಲು ಅರ್ಧ ವರ್ಷ ಬೇಕಾದ ಗಿಡ ಕಾನೂನಿನ ಕಣ್ಣಿಗೆ ಮೊಳಕೆಯಲ್ಲೇ ಮಾಗಿರುತ್ತದೆ.

ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ. ಅಮಲಿನ ಬಲೆಗೆ ಸಿಕ್ಕ ಎಳೆಯರನ್ನು ಕಂಡ ಯಾರೂ ಅದನ್ನು ಹಗುರವಾಗಿ ಆಡಲಾರರು. ನನ್ನನ್ನು ಕಾಡಿದ್ದು ಬೇರೊಂದು ನಷ್ಟ. ಒಂದು ಗಿಡವನ್ನು ದಂಡಸಂಹಿತೆಯ ಮೂಲಕ ಮಾತ್ರ ಬಲ್ಲ ಊರಿನಲ್ಲಿ ಭಯಕ್ಕೆ ಎಲೆಯ ಅಂಚು ಸಾಕು. ಹುಳಿಯೇ ಎಂದು ಕಚ್ಚಿ ನೋಡುವವರಿಲ್ಲ, ಹೂ ಬಿಡಲಿ ಎಂದು ಕಾಯುವವರಿಲ್ಲ. ಆ ರಾತ್ರಿ ಗಿಡ ಕಿತ್ತ ಮಗನೂ ಬಾಲ್ಯವಿಡೀ ಪುಂಡಿಪಲ್ಯ ಉಂಡವನೇ. ಗಿಡವನ್ನು ಅವನು ಅರಿಯದವನಲ್ಲ; ತನ್ನ ಅರಿವನ್ನು ನಂಬುವ ಧೈರ್ಯ ಅವನಿಗಾಗಲಿಲ್ಲ. ಅವನ ಜಾಗದಲ್ಲಿ ನಾನಿದ್ದಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದೆ.

ನೀರಿನ ಡ್ರಮ್ಮಿನ ಹಿಂದೆ ಇದ್ದ ಒಂದು ಡಬ್ಬಿ ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅಕ್ಟೋಬರಿನಲ್ಲಿ ಅದರಲ್ಲಿ ತಿಳಿಹಳದಿ ಹೂವು ಅರಳಿತು, ನಡುವೆ ಕಡುಗೆಂಪು. ಚಿತ್ರ ಕಳುಹಿಸಿದ್ದವರೇ ಬಂದು ನೋಡಿ, ಇದು ಅಂಬಾಡಿಯೇ ಎಂದು ನಕ್ಕು ಹೋದರು. ಅಷ್ಟರಲ್ಲಿ ಎಲೆಗಳು ಬಲಿತು ಪಲ್ಯದ ಹದ ಮೀರಿತ್ತು. ಅಜ್ಜಿ ಅವಸರಪಡಲಿಲ್ಲ. ಕಾಯಿ ಒಣಗುವ ತನಕ ಕಾದು, ಬೀಜ ಬಿಡಿಸಿ, ಮತ್ತೆ ಸೆರಗಿನ ಗಂಟಿಗೆ ಕಟ್ಟಿಕೊಂಡು ಊರಿಗೆ ಹೊರಟರು.