ಝೇಂಕಾರದ ಹಕ್ಕಿಯ ವೃತ್ತಾಂತ

ನಮ್ಮ ಹಿತ್ತಲಿನ ದಾಸವಾಳದ ಗಿಡಕ್ಕೆ ಬೆಳಗಿನ ಹೊತ್ತು ಬಂದು, ಬಾಗಿದ ಕೊಕ್ಕನ್ನು ಹೂವಿನೊಳಕ್ಕೆ ಇಳಿಸಿ ಮಧುವನ್ನು ಹೀರುವ ಮಿರುಗುವ ಪುಟ್ಟ ಹಕ್ಕಿಯನ್ನು ಇಂಗ್ಲಿಷು ಬಲ್ಲ ನಮ್ಮವರಲ್ಲಿ ಅನೇಕರು 'ಹಮ್ಮಿಂಗ್ ಬರ್ಡ್' ಎಂದು ಕರೆಯುವುದುಂಟು. ಇದು ಸರಿಯಲ್ಲ. ನಮ್ಮದು ಸೂರಕ್ಕಿ. ಅದು ಸಾಮಾನ್ಯವಾಗಿ ಕೊಂಬೆಯನ್ನು ಹಿಡಿದು ಕುಳಿತು ಉಣ್ಣುವುದು. ಇಂಗ್ಲಿಷರು ಹಮ್ಮಿಂಗ್ ಬರ್ಡ್ ಎನ್ನುವ ಹಕ್ಕಿಯಾದರೋ ಹೂವಿನ ಮುಂದೆ ಗಾಳಿಯಲ್ಲಿಯೇ ನಿಂತು ಉಣ್ಣುವುದು. ಆಗ ಅದರ ರೆಕ್ಕೆಗಳಿಂದ ಹೊರಡುವ ನಾದದಿಂದಲೇ ಅದಕ್ಕೆ ಆ ಹೆಸರು. ಕನ್ನಡದಲ್ಲಿ ಅದನ್ನು ಝೇಂಕಾರದ ಹಕ್ಕಿಯೆನ್ನಬಹುದು. ಈ ಎರಡಕ್ಕೂ ಇರುವ ಹೋಲಿಕೆ ವೃತ್ತಿ ಒಂದೇ ಆದುದರಿಂದ ಬಂದುದೇ ಹೊರತು ಕುಲ ಒಂದೇ ಆದುದರಿಂದ ಬಂದುದಲ್ಲ. ಕುಲದಿಂದ ನೋಡಿದರೆ ಝೇಂಕಾರದ ಹಕ್ಕಿಗೆ ಹತ್ತಿರದ ನೆಂಟರು, ನಮ್ಮ ಹಳೆಯ ದೇವಾಲಯಗಳ ಮಂಟಪಗಳಲ್ಲಿ ಗೂಡುಕಟ್ಟಿ ದಿನವೆಲ್ಲ ಆಕಾಶದಲ್ಲಿಯೇ ಹಾರಾಡುವ ಬಾನಾಡಿಗಳು.

ಇಂದು ಝೇಂಕಾರದ ಹಕ್ಕಿಗಳು ಅಮೆರಿಕ ಖಂಡಗಳನ್ನೂ ಅವುಗಳ ಸುತ್ತಲಿನ ದ್ವೀಪಗಳನ್ನೂ ಬಿಟ್ಟು ಬೇರೆಲ್ಲಿಯೂ ಇಲ್ಲ. ಉತ್ತರದಲ್ಲಿ ಅಲಾಸ್ಕದಿಂದ ದಕ್ಷಿಣದಲ್ಲಿ ಖಂಡದ ತುದಿಯವರೆಗೂ ಇವುಗಳ ಸುಮಾರು 360 ಜಾತಿಗಳು ಹರಡಿಕೊಂಡಿವೆ. ಆಂಡೀಸ್ ಪರ್ವತಗಳ ಇಳಿಜಾರುಗಳಲ್ಲಿ ಅತ್ಯಧಿಕ. ಕೊಲಂಬಿಯ ಒಂದರಲ್ಲಿಯೇ 150ಕ್ಕೂ ಹೆಚ್ಚು ಜಾತಿಗಳುಂಟು. ಕ್ಯೂಬಾ ದ್ವೀಪದ ಒಂದು ಜಾತಿಯ ಹಕ್ಕಿ ಕೇವಲ 2 ಗ್ರಾಮಿನಷ್ಟು ತೂಗುವುದು. ಪಕ್ಷಿಕುಲದಲ್ಲಿ ಅದಕ್ಕಿಂತ ಕಿರಿದು ಇನ್ನೊಂದಿಲ್ಲ. ಪುರಾತನಕಾಲದಲ್ಲಿ ಈ ಕುಲವು ಯೂರೋಪಿನಲ್ಲಿಯೂ ಇದ್ದಿತು. ಜರ್ಮನಿಯಲ್ಲಿ ಹೈಡೆಲ್‌ಬರ್ಗ್ ನಗರದ ದಕ್ಷಿಣಕ್ಕಿರುವ ಒಂದು ಜೇಡಿಮಣ್ಣಿನ ಗಣಿಯಲ್ಲಿ ದೊರೆತ, ಮೂರು ಕೋಟಿ ವರ್ಷಗಳಿಗೂ ಹಳೆಯದಾದ ಅಸ್ಥಿಗಳು ಇದೇ ಬಗೆಯ ಹಕ್ಕಿಯವೆಂದು ಗೆರಾಲ್ಡ್ ಮೈರ್ ಎಂಬ ಪಂಡಿತನು 2004ರಲ್ಲಿ ತೋರಿಸಿಕೊಟ್ಟನು. ಆದರೆ ಮನುಷ್ಯನು ಚರಿತ್ರೆಯನ್ನು ಬರೆಯತೊಡಗಿದ ಕಾಲಕ್ಕೆ ಹಳೆಯ ಜಗತ್ತಿನಲ್ಲಿ ಇದರ ಕುರುಹೂ ಉಳಿದಿರಲಿಲ್ಲ.

ಆದಕಾರಣ ಹಳೆಯ ಜಗತ್ತಿನವರು ಈ ಹಕ್ಕಿಯನ್ನು ಅರಿತುಕೊಂಡ ವೃತ್ತಾಂತವು ಕೇವಲ ಪ್ರಾಣಿಶಾಸ್ತ್ರದ ಒಂದು ಅಧ್ಯಾಯವಾಗಿ ಮುಗಿಯುವುದಿಲ್ಲ. ಒಂದು ವಸ್ತುವನ್ನು ಕೈವಶಮಾಡಿಕೊಳ್ಳುವುದಕ್ಕೂ ಅದನ್ನು ಅರಿಯುವುದಕ್ಕೂ ನಡುವೆ ಎಷ್ಟು ಅಂತರವಿರಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದುರ್ಲಭ.

ಮೆಕ್ಸಿಕೋ ದೇಶದಲ್ಲಿ ನಹುವಾ ಭಾಷೆಯನ್ನಾಡುವ ಜನರು ಈ ಹಕ್ಕಿಯನ್ನು 'ಹುಯಿಟ್ಸಿಲಿನ್' ಎಂದು ಕರೆಯುತ್ತಿದ್ದರು. ಅವರಲ್ಲಿ ಪ್ರಬಲರಾಗಿದ್ದ ಆಸ್ಟೆಕರ ಯುದ್ಧದೇವತೆಯ ಹೆಸರಾದ 'ಹುಯಿಟ್ಸಿಲೊಪೊಚ್ಟ್ಲಿ' ಎಂಬುದರಲ್ಲಿ ಈ ಹಕ್ಕಿಯ ಹೆಸರೂ ಎಡಭಾಗವೆಂಬ ಅರ್ಥದ ಪದವೂ ಕೂಡಿವೆ. ರಣದಲ್ಲಿ ಮಡಿದ ವೀರರು ನಾಲ್ಕು ವರ್ಷ ಸೂರ್ಯನ ಪರಿವಾರದಲ್ಲಿದ್ದು, ಬಳಿಕ ಹೂವಿನ ಮಧುವನ್ನು ಹೀರುವ ಹಕ್ಕಿಗಳೂ ಚಿಟ್ಟೆಗಳೂ ಆಗುವರೆಂದು ಅವರ ನಂಬಿಕೆ. ಎರಡು ಮೂರು ಗ್ರಾಮು ತೂಗುವ ಹಕ್ಕಿಗೂ ಯುದ್ಧಕ್ಕೂ ಎತ್ತಣ ಸಂಬಂಧವೆಂದು ನಮಗೆ ತೋರಬಹುದು. ಆದರೆ ಜೀವಂತ ಹಕ್ಕಿಯನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಗಂಡುಹಕ್ಕಿಯು ತಾನು ಉಣ್ಣುವ ಹೂಗಿಡಗಳ ಸುತ್ತ ಗಡಿಯನ್ನು ಕಟ್ಟಿಕೊಂಡು, ಒಳಗೆ ಬಂದ ತನ್ನವರನ್ನೇ ಅಲ್ಲದೆ ತನಗಿಂತ ಎಷ್ಟೋ ದೊಡ್ಡ ಪಕ್ಷಿಗಳನ್ನೂ ಅಟ್ಟಿಕೊಂಡುಹೋಗುವುದು.

1521ರಲ್ಲಿ ಆಸ್ಟೆಕರ ರಾಜಧಾನಿಯು ಸ್ಪೇನಿನವರ ಕೈಸೇರಿತು. ಮುಂದೆ ಬೆರ್ನಾರ್ದಿನೋ ದೆ ಸಾಹಾಗುನ್ ಎಂಬ ಕ್ರೈಸ್ತಸನ್ಯಾಸಿಯು ಆ ನಾಡಿನ ವೃದ್ಧರನ್ನು ಕೇಳಿ, ಅಲ್ಲಿಯ ವಿದ್ಯಾವಂತ ಯುವಕರ ನೆರವಿನಿಂದ ಅವರ ಭಾಷೆಯಲ್ಲಿಯೇ ಬರೆಯಿಸಿದ ಹನ್ನೆರಡು ಪುಸ್ತಕಗಳ ಮಹಾಗ್ರಂಥವು 1577ರ ಸುಮಾರಿಗೆ ಪೂರ್ಣಗೊಂಡಿತು. ಅದರ ಮುಖ್ಯ ಪ್ರತಿಯೊಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಇಂದಿಗೂ ಉಂಟು. ಹನ್ನೊಂದನೆಯ ಪುಸ್ತಕದಲ್ಲಿ ಝೇಂಕಾರದ ಹಕ್ಕಿಯ ವಿಷಯವಾಗಿ ಒಂದು ವಿಚಿತ್ರವಾದ ಹೇಳಿಕೆಯಿದೆ. ಚಳಿಗಾಲದಲ್ಲಿ ಆ ಹಕ್ಕಿಯು ಕೊಕ್ಕನ್ನು ಮರಕ್ಕೆ ಚುಚ್ಚಿಕೊಂಡು, ಕುಗ್ಗಿ, ಗರಿಗಳನ್ನುದುರಿಸಿಕೊಂಡು ಸತ್ತಂತೆ ಇರುವುದೆಂದೂ, ಬಿಸಿಲು ಕಾದು ಮರ ಚಿಗುರಿ ಗುಡುಗುಮಳೆಯಾದಾಗ ಮತ್ತೆ ಜೀವದಳೆದು ಹಾರುವುದೆಂದೂ ಅದರ ಸಾರಾಂಶ. ಮೊತೊಲಿನಿಯ ಎಂಬ ಇನ್ನೊಬ್ಬ ಸನ್ಯಾಸಿಯು ಇದನ್ನು ಸತ್ತವರ ಪುನರುತ್ಥಾನಕ್ಕೆ ದೃಷ್ಟಾಂತವಾಗಿ ಬಳಸಿದನು. ಶಾಸ್ತ್ರಜ್ಞರಿಗೆ ಮಾತ್ರ ಇದು ಬಹುಕಾಲ ಕಟ್ಟುಕಥೆಯಾಗಿಯೇ ತೋರಿತು. ಈ ಕಟ್ಟುಕಥೆಯನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು.

ಯೂರೋಪಿನವರ ದೃಷ್ಟಿಗೆ ಮೊದಲು ಬಿದ್ದುದು ಹಕ್ಕಿಯ ಅಲ್ಪತ್ವ. 1526ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಓವಿಯೇದೋ ಎಂಬ ಸ್ಪೇನ್ ದೇಶದ ಅಧಿಕಾರಿಯು ಇಂಥ ಹಕ್ಕಿಯೊಂದನ್ನು ಗೂಡುಸಹಿತ ಚಿನ್ನ ತೂಗುವ ತಕ್ಕಡಿಯಲ್ಲಿಟ್ಟು ತೂಗಿದ ಸಂಗತಿಯನ್ನು ಬರೆದಿದ್ದಾನೆ. ಮುಂದಿನ ಮೂರು ಶತಮಾನಗಳ ವ್ಯವಹಾರಕ್ಕೆಲ್ಲ ಆ ತಕ್ಕಡಿಯೇ ಸಂಕೇತವೆನ್ನಬಹುದು. ಹಕ್ಕಿಯ ತೊಗಲನ್ನು ಸುಲಿದು, ಒಣಗಿಸಿ, ಹತ್ತಿ ತುಂಬಿ ಹಡಗಿನಲ್ಲಿ ಕಳುಹಿಸುವುದು ಸುಲಭ. ಜೀವದೊಡನೆ ಕಳುಹಿಸುವುದು ಅಸಾಧ್ಯಪ್ರಾಯ. ಆದುದರಿಂದ ಯೂರೋಪಿನ ಪಂಡಿತರಲ್ಲಿ ಬಹುಮಂದಿಗೆ ದೊರೆತುದು ತೊಗಲು ಮಾತ್ರ. 1758ರಲ್ಲಿ ಲಿನೇಯಸನು ಹೆಸರಿಟ್ಟ ಜಾತಿಗಳು ಇಪ್ಪತ್ತಕ್ಕಿಂತಲೂ ಕಡಮೆ. ನೂರು ವರ್ಷ ಕಳೆಯುವುದರೊಳಗೆ ಅವು ಮುನ್ನೂರನ್ನು ಮೀರಿದುವು.

ಈ ಸಂಗ್ರಹಕಾರ್ಯದ ಶಿಖರವೆಂದರೆ ಲಂಡನ್ನಿನ ಜಾನ್ ಗೂಲ್ಡನ ಕೆಲಸ. ಈತನು 1849ರಿಂದ 1861ರವರೆಗೆ ಕಂತುಕಂತಾಗಿ ಪ್ರಕಟಿಸಿದ ಐದು ಸಂಪುಟಗಳಲ್ಲಿ 360 ವರ್ಣಚಿತ್ರಗಳಿವೆ. ಗರಿಗಳ ಹೊಳಪನ್ನು ಕಾಗದದ ಮೇಲೆ ತರುವುದಕ್ಕಾಗಿ ಚಿನ್ನದ ರೇಕಿನ ಮೇಲೆ ಬಣ್ಣವನ್ನು ಲೇಪಿಸುವ ವಿಧಾನವನ್ನು ಆತನು ಬಳಸಿದನು. 1851ರಲ್ಲಿ ಲಂಡನ್ನಿನ ಮೃಗಶಾಲೆಯಲ್ಲಿ ಗಾಜಿನ ಪೆಟ್ಟಿಗೆಗಳೊಳಗೆ ತನ್ನ ಹಕ್ಕಿಗಳನ್ನು ಜೋಡಿಸಿ ಪ್ರದರ್ಶಿಸಿದಾಗ, ತಲೆಗೆ ಆರು ಪೆನ್ಸ್ ಕೊಟ್ಟು 75,000ಕ್ಕೂ ಹೆಚ್ಚು ಜನರು ಬಂದು ನೋಡಿದರು. ರಾಣಿ ವಿಕ್ಟೋರಿಯಳೂ ಬಂದಳು. ಆದರೆ ಆ ಪೆಟ್ಟಿಗೆಗಳಲ್ಲಿ ಜೀವವಿದ್ದ ಹಕ್ಕಿ ಒಂದೂ ಇರಲಿಲ್ಲ. ಅವುಗಳ ಒಡೆಯನೂ ಅದುವರೆಗೆ ಜೀವವಿದ್ದ ಝೇಂಕಾರದ ಹಕ್ಕಿಯನ್ನು ಕಂಡವನಲ್ಲ! ಗ್ರಂಥವನ್ನಾರಂಭಿಸಿ ಎಂಟು ವರ್ಷಗಳಾದ ಮೇಲೆ, 1857ರಲ್ಲಿ, ಅಮೆರಿಕದ ಫಿಲಡೆಲ್ಫಿಯ ನಗರದ ಒಂದು ತೋಟದಲ್ಲಿ ಅವನಿಗೆ ಆ ದರ್ಶನ ಲಭಿಸಿತು. ರೆಕ್ಕೆಗಳ ಚಲನೆಯು ತಾನೆಣಿಸಿದ್ದುದಕ್ಕಿಂತ ಬೇರೆಯೇ ಆಗಿದ್ದಿತೆಂದು ಅವನು ಒಪ್ಪಿಕೊಂಡನು. ಅಲ್ಲಿಂದ ಜೀವಸಹಿತ ಲಂಡನ್ನಿಗೆ ತಂದ ಹಕ್ಕಿ ಹೆಚ್ಚು ದಿನ ಉಳಿಯಲಿಲ್ಲ.

ತೊಗಲಿನಲ್ಲಿ ಕಾಣದ ಅಂಶಗಳು ಯಾವುವು? ಮೊದಲನೆಯದು ಬಣ್ಣವೇ. ಈ ಹಕ್ಕಿಯ ಕೊರಳಿನ ಕೆಂಪೂ ಹಸುರೂ ಅರಿಶಿನ ಕುಂಕುಮಗಳಂತೆ ವಸ್ತುವಿನಲ್ಲಿ ಬೆರೆತ ಬಣ್ಣಗಳಲ್ಲ. ಗರಿಯೊಳಗೆ ಪದರಪದರವಾಗಿರುವ, ನಡುವೆ ಗಾಳಿ ತುಂಬಿದ ಅತಿಸೂಕ್ಷ್ಮವಾದ ಬಿಲ್ಲೆಗಳ ಮೇಲೆ ಬೆಳಕು ಬಿದ್ದು ಮರಳುವಾಗ ಉಂಟಾಗುವ ಬಣ್ಣಗಳು. ಹಕ್ಕಿ ಕತ್ತನ್ನು ಒಂದಿಷ್ಟು ತಿರುಗಿಸಿದೊಡನೆ ಕೆಂಡದಂತಿದ್ದ ಕೊರಳು ಮಸಿಯಂತಾಗುವುದು. ಗಂಡು ತನಗೆ ಬೇಕಾದಾಗ, ಬೇಕಾದವರಿಗೆ ಮಾತ್ರ ಈ ಕಾಂತಿಯನ್ನು ತೋರಬಲ್ಲುದು. ಪೆಟ್ಟಿಗೆಯಲ್ಲಿ ಅಲುಗಾಡದೆ ನಿಂತ ಹಕ್ಕಿಗೆ ಆ ಸ್ವಾತಂತ್ರ್ಯವೆಲ್ಲಿಯದು?

ಎರಡನೆಯದು ನಡವಳಿಕೆ. ಪೆರು ದೇಶದಲ್ಲಿ 1835ರಲ್ಲಿ ಆಂಡ್ರೂ ಮ್ಯಾಥ್ಯೂಸ್ ಎಂಬ ಸಂಗ್ರಾಹಕನಿಗೆ ಒಂದು ವಿಲಕ್ಷಣವಾದ ಗಂಡು ಹಕ್ಕಿ ದೊರೆಯಿತು. ಅದರ ಬಾಲದಲ್ಲಿ ನಾಲ್ಕೇ ಗರಿಗಳು. ಹೊರಗಿನ ಎರಡು ಉದ್ದವಾಗಿ ತಂತಿಯಂತೆ ಬೆಳೆದು, ಒಂದನ್ನೊಂದು ದಾಟಿ, ತುದಿಯಲ್ಲಿ ನೀಲಿಯ ಬಿಲ್ಲೆಗಳಾಗಿದ್ದುವು. 1880ರವರೆಗೂ ಶಾಸ್ತ್ರಜ್ಞರ ಬಳಿ ಇದ್ದುದು ಆ ಒಂದು ಹಕ್ಕಿಯೇ. ಆ ಬಿಲ್ಲೆಗಳ ಉಪಯೋಗವನ್ನು ತೊಗಲನ್ನು ಎಷ್ಟು ಪರೀಕ್ಷಿಸಿದರೂ ತಿಳಿಯುವಂತಿರಲಿಲ್ಲ. ಕಾಡಿನಲ್ಲಿ ಕಂಡವರಿಗೆ ತಿಳಿಯಿತು: ಗಂಡು ಹೆಣ್ಣಿನ ಮುಂದೆ ಗಾಳಿಯಲ್ಲಿ ನಿಂತು, ಆ ಎರಡು ಬಿಲ್ಲೆಗಳನ್ನು ತನ್ನ ಮೈಯ ಇಕ್ಕೆಲಗಳಲ್ಲಿಯೂ ಚಾಮರಗಳಂತೆ ಬೀಸಿ ಕುಣಿಯುವುದು. ಈ ಆಡಂಬರವೆಲ್ಲ ಮುಗಿದ ಮೇಲೆ ಗೂಡಿನ ಕೆಲಸದಲ್ಲಿ ಝೇಂಕಾರದ ಗಂಡುಹಕ್ಕಿಯ ಪಾಲು ಏನೂ ಇಲ್ಲವೆನ್ನಬಹುದು. ಹೆಣ್ಣೇ ಜೇಡರ ಬಲೆಯಿಂದ ಗೂಡನ್ನು ಬಿಗಿದು, ಸಾಮಾನ್ಯವಾಗಿ ಎರಡು ಬಿಳಿಯ ಮೊಟ್ಟೆಗಳನ್ನಿಟ್ಟು, ಕಾವುಕೊಟ್ಟು, ಮರಿಗಳನ್ನು ಸಾಕುವುದು.

ಶಾಸ್ತ್ರಕ್ಕಾಗಿ ಆರಂಭವಾದ ಸಂಗ್ರಹವು ಶೋಕಿಗೆ ತಿರುಗಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಿರಿವಂತ ಸ್ತ್ರೀಯರ ಟೋಪಿಗಳಿಗೆ ಇಡೀ ಹಕ್ಕಿಗಳನ್ನೇ ಹೊಲಿಯುತ್ತಿದ್ದರು. ಅವುಗಳ ತಲೆಗಳನ್ನು ಚಿನ್ನದಲ್ಲಿ ಕಟ್ಟಿ ಆಭರಣ ಮಾಡುತ್ತಿದ್ದರು. ಕೊಲಂಬಿಯದ ಬೊಗೋಟಾ ನಗರದಿಂದ ತೊಗಲುಗಳು ಸಾವಿರಗಟ್ಟಲೆ ಲಂಡನ್ನಿನ ಹರಾಜಿಗೆ ಬರುತ್ತಿದ್ದುವು. ಯಾವ ಬೆಟ್ಟದಲ್ಲಿ, ಯಾವ ಋತುವಿನಲ್ಲಿ ಕೊಂದುದೆಂಬ ಬರಹ ಅವುಗಳೊಡನೆ ಇರುತ್ತಿರಲಿಲ್ಲ. ಇದರಿಂದ ಶಾಸ್ತ್ರಕ್ಕಾದ ತೊಡಕನ್ನು ನೋಡಿರಿ. 1909ರಲ್ಲಿ ಬೊಗೋಟಾದಲ್ಲಿ ಕೊಂಡ ಒಂದು ತೊಗಲನ್ನು ಆಧಾರಮಾಡಿಕೊಂಡು 1993ರಲ್ಲಿ ಒಂದು ಹೊಸ ಜಾತಿಯನ್ನು ಹೆಸರಿಸಿದರು. ಅಂಥ ಎರಡನೆಯ ಹಕ್ಕಿ ಎಲ್ಲಿಯೂ ಸಿಕ್ಕದಿದ್ದುದರಿಂದ, ಆ ಜಾತಿ ನಾಶವಾಗಿರಬೇಕೆಂದು ಶಂಕಿಸಿದರು. ಅದು ಎರಡು ಬೇರೆ ಜಾತಿಗಳ ಬೆರಕೆಯಿಂದ ಹುಟ್ಟಿದ ಹಕ್ಕಿಯೆಂದು 2018ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ತಿಳಿದುಬಂದಿತು. ಅಂದರೆ, ಎಂದೂ ಇಲ್ಲದಿದ್ದ ಜಾತಿಗಾಗಿ ಶೋಕಿಸಿದಂತಾಯಿತು.

ಗರಿಯ ವ್ಯಾಪಾರಕ್ಕೆ ವಿರೋಧವನ್ನು ಮೊದಲು ಸಂಘಟಿಸಿದವರಲ್ಲಿ ಸ್ತ್ರೀಯರೇ ಅಗ್ರಗಣ್ಯರು. ಮ್ಯಾಂಚೆಸ್ಟರಿನ ಬಳಿ 1889ರಲ್ಲಿ ಎಮಿಲಿ ವಿಲಿಯಮ್ಸನ್ ಎಂಬಾಕೆ ಆರಂಭಿಸಿದ ಸಂಘವೇ ಮುಂದೆ ಇಂಗ್ಲೆಂಡಿನ ಪಕ್ಷಿರಕ್ಷಣೆಯ ಪ್ರಧಾನ ಸಂಸ್ಥೆಯಾಯಿತು. ಈ ವಿಷಯದಲ್ಲಿ ಭಾರತವು ಇಂಗ್ಲೆಂಡಿಗಿಂತ ಮುಂದಿದ್ದುದು ಗಮನಾರ್ಹ: ಇಲ್ಲಿಯ ಸರ್ಕಾರವು ಕಾಡುಹಕ್ಕಿಗಳ ಗರಿಗಳ ರಫ್ತನ್ನು 1902ರಲ್ಲಿಯೇ ನಿಷೇಧಿಸಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳು 1913ರಲ್ಲಿ ಗರಿಗಳ ಆಮದನ್ನು ತಡೆದುವು. ಇಂಗ್ಲೆಂಡು 1921ರಲ್ಲಿ ಶಾಸನಮಾಡಿತು. 1987ರಿಂದ ಝೇಂಕಾರದ ಹಕ್ಕಿಯ ಕುಲವೆಲ್ಲವೂ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ.

ಜೀವಂತ ಹಕ್ಕಿಯನ್ನು ನೋಡಿ ಕಲಿಯುವ ಶಾಸ್ತ್ರವು ನಿಜವಾಗಿ ಬೆಳೆದುದು ಇಪ್ಪತ್ತನೆಯ ಶತಮಾನದಲ್ಲಿ. ಇತರ ಪಕ್ಷಿಗಳು ರೆಕ್ಕೆಯನ್ನು ಕೆಳಕ್ಕೆ ಬಡಿದು ಮೇಲೇಳುವುವು. ಇದಾದರೋ ಭುಜದ ಕೀಲಿನಲ್ಲಿ ರೆಕ್ಕೆಯನ್ನು ಮಗುಚಿ ಹಿಂದಕ್ಕೂ ಮುಂದಕ್ಕೂ ಬೀಸುವುದು. ಹೀಗೆ ಬೀಸುವಾಗ ಮೈಭಾರದ ಮುಕ್ಕಾಲುಪಾಲನ್ನು ಇಳಿಬಡಿತವೂ ಕಾಲುಪಾಲನ್ನು ಏರುಬಡಿತವೂ ಹೊರುವುವೆಂದು 2005ರಲ್ಲಿ ಅಳೆದು ತೋರಿಸಿದರು. ನಾಲಗೆಯ ವಿಷಯವೂ ಹೀಗೆಯೇ. ಬತ್ತಿಯು ಎಣ್ಣೆಯನ್ನು ಹೀರುವಂತೆ ಅದು ಮಧುವನ್ನು ಹೀರುವುದೆಂದು 1833ರಿಂದ ನಂಬಿಕೊಂಡು ಬಂದಿದ್ದರು. ಬದುಕಿದ ಹಕ್ಕಿ ಉಣ್ಣುವುದನ್ನು ವೇಗವಾದ ಛಾಯಾಗ್ರಹಣಯಂತ್ರದಿಂದ ನೋಡಿದಾಗ, ಸೀಳಿದ ನಾಲಗೆಯ ತುದಿಗಳು ಮಧುವಿನಲ್ಲಿ ಅರಳಿ, ಹೊರಬರುವಾಗ ಮುಚ್ಚಿಕೊಂಡು ದ್ರವವನ್ನು ಹಿಡಿದು ತರುವುವೆಂದು 2011ರಲ್ಲಿ ಗೊತ್ತಾಯಿತು.

ಇನ್ನು ಆ ಕಟ್ಟುಕಥೆ. ಇಷ್ಟು ಸಣ್ಣ ಒಡಲು ಇಷ್ಟು ವೇಗವಾಗಿ ಉರಿದರೆ, ಉಣ್ಣಲಾಗದ ರಾತ್ರಿಯನ್ನು ಕಳೆಯುವುದೆಂತು? ಆಲಿವರ್ ಪಿಯರ್ಸನ್ ಎಂಬ ಶಾಸ್ತ್ರಜ್ಞನು 1950ರಲ್ಲಿ ಪ್ರಕಟಿಸಿದ ಅಳತೆಗಳು ಇದಕ್ಕೆ ಉತ್ತರವನ್ನು ಕೊಟ್ಟುವು. ಹಕ್ಕಿಯು ರಾತ್ರಿಯಲ್ಲಿ ತನ್ನ ಒಡಲ ಬೆಂಕಿಯನ್ನು ತಗ್ಗಿಸಿ, ಮೈ ತಣ್ಣಗಾಗಿ ಜಡನಿದ್ರೆಗೆ ಇಳಿಯಬಲ್ಲುದು. ಹಾರುವಾಗ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಬಾರಿ ಮಿಡಿಯಬಲ್ಲ ಹೃದಯವು ಆಗ ಐವತ್ತರ ಸುಮಾರಿಗೆ ಬರುವುದು. ಮುಟ್ಟಿದರೂ ಹಕ್ಕಿ ಎಚ್ಚರಗೊಳ್ಳದು. ಪೆರುವಿನ ಎತ್ತರದ ಬೆಟ್ಟಗಳಲ್ಲಿ ಒಂದು ಜಾತಿಯ ಹಕ್ಕಿಯ ಮೈಯ ಉಷ್ಣತೆಯು 3.26 ಡಿಗ್ರಿ ಸೆಂಟಿಗ್ರೇಡಿಗೆ ಇಳಿದುದು 2020ರಲ್ಲಿ ಪ್ರಕಟವಾಗಿದೆ. ಬೆಳಗಾಗುವ ಮುನ್ನ ಅದು ಮೈನಡುಗಿಸಿ ಬಿಸಿಯೇರಿಸಿಕೊಂಡು, ಮತ್ತೆ ಹಾರುವುದು.

ಹಾಗಾದರೆ ನಹುವಾ ವೃದ್ಧರು ಹೇಳಿದುದೆಲ್ಲ ನಿಜವೇ? ಅಲ್ಲ. ಹಕ್ಕಿಯು ತಿಂಗಳುಗಟ್ಟಲೆ ಮರಕ್ಕೆ ನೇತುಕೊಂಡಿರುವುದಿಲ್ಲ. ಹೂವಿಲ್ಲದ ಕಾಲದಲ್ಲಿ ಅನೇಕ ಜಾತಿಗಳು ಹೂವಿರುವ ನಾಡಿಗೆ ವಲಸೆಹೋಗುವುವು. ಒಂದು ರಾತ್ರಿಯ ನಿದ್ರೆಯನ್ನು ಅವರು ಒಂದು ಋತುವಿಗೆ ವಿಸ್ತರಿಸಿದರು. ಆದರೆ ಕೊಂಬೆಯ ಮೇಲೆ ಹೆಣದಂತೆ ತಣ್ಣಗಿದ್ದ ಹಕ್ಕಿಯು ಬಿಸಿಲೇರಿದಾಗ ಎದ್ದು ಹಾರಿದುದನ್ನು ಅವರಲ್ಲಿ ಯಾರೋ ಕಣ್ಣಾರೆ ಕಂಡಿದ್ದರೆಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಗೂಲ್ಡನ ಸಂಗ್ರಹವು ನಿಷ್ಪ್ರಯೋಜಕವೆಂದು ಇದರಿಂದ ತಿಳಿಯಬಾರದು. ಜಾತಿಗಳನ್ನು ಬೇರ್ಪಡಿಸಿ ಗುರುತಿಸುವುದಕ್ಕೆ ಅಂಥ ಸಂಗ್ರಹಗಳೇ ಇಂದಿಗೂ ಆಧಾರ. ಆದರೆ ಸಾವಿರಾರು ಸತ್ತ ಹಕ್ಕಿಗಳನ್ನು ಕೈಯಲ್ಲಿ ಹಿಡಿದವರಿಗೆ, ಈ ಹಕ್ಕಿ ಸತ್ತಂತಿದ್ದು ಮತ್ತೆ ಬದುಕುವುದೆಂಬುದು ಹೊಳೆಯುವಂತೆಯೇ ಇರಲಿಲ್ಲ. ಅದನ್ನು ಬಲ್ಲವರು ಅದರ ಪಕ್ಕದಲ್ಲಿ ಬಾಳಿದವರು. ಚಿಲಿ ದೇಶಕ್ಕೆ ಸೇರಿದ ರಾಬಿನ್ಸನ್ ಕ್ರೂಸೋ ದ್ವೀಪವೊಂದರಲ್ಲಿಯೇ ಉಳಿದಿರುವ ಈ ಕುಲದ ಒಂದು ಜಾತಿಯು ಇಂದು ಅಳಿವಿನ ಅಂಚಿನಲ್ಲಿದೆ. ಅದು ಅಳಿದುಹೋದರೆ ಅದರ ತೊಗಲುಗಳು ಸಂಗ್ರಹಾಲಯಗಳಲ್ಲಿ ಉಳಿದೇ ಇರುವುವು. ಆದರೆ ಅವುಗಳಲ್ಲಿ ಯಾವುದೂ ಬೆಳಗಾದಾಗ ಎದ್ದು ಹಾರದು.